ಗಾಲಿ ಮನೆಯ ವಸ್ತಿ

ಹಳಿಯಾಳದ ಪೇಟೆಯಲ್ಲಿ ಎಂಟು ಅಂಕಣದ ಸ್ವಂತ ಮನೆ, ಮನೆಯಲ್ಲಿ ಸಾಗವಾನಿ ಮಂಚ, ಮಂಚದ ಮೇಲೆ ಮೆತ್ತನೆಯ ಹತ್ತಿಯ ಗಾದಿ. ಇಷ್ಟೆಲ್ಲ ಇಟ್ಟುಕೊಂಡು ಊರೂರಿನ ಬೇಲಿಯ ಬದಿಗೆ ಹೋಗಿ ಮಲಗುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವನ ಜೊತೆಗೆ ನಾನೂ ಮಲಗಿದ್ದೇನೆ! ಮಲಗಿದ್ದೇನೆ ಅನ್ನುವುದೂ ಸುಳ್ಳೇ. ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, ಅವ್ವನ ಸೆರಗು ಹಿಡಿದುಕೊಂಡು ಬಿದ್ದಿದ್ದೇನೆ. ಅವನು ನನ್ನ ಸೋದರಮಾವ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಹಳಿಯಾಳದಿಂದ ಮುಂಡಗೋಡದವರೆಗಿನ ಹಳೆಯ ಜನ ‘ಓಹೋ, ಆ ಮನುಷ್ಯಾನ?’ ಎಂದು ಈಗಲೂ ನಕ್ಕಾರು.

ಐವತ್ತರ ದಶಕ ಮುಗಿದು ಅರವತ್ತು ಶುರುವಾದ ಕಾಲ. ಮಾಮಾ ಭತ್ತದ ವ್ಯಾಪಾರಿ. ಬೆಳಗಾವಿಯಲ್ಲಿ ಮಿಲಿಟರಿಯ ಹಳೆಯ ಸಾಮಾನು ಹರಾಜಿಗೆ ಬಂದಿದೆ ಎಂದು ಕೇಳಿ ಹೋದವನು, ಒಂದು ಜೀಪು ಮತ್ತು ಅದರ ಬಾಲಕ್ಕೆ ಒಂದು ಟ್ರೇಲರ್ ಕಟ್ಟಿಕೊಂಡು ಬಂದ. ಭತ್ತದ ಚೀಲ ಹೇರಲು ಎಂದು ಅವ್ವನಿಗೆ ಹೇಳಿದ. ಮರುದಿನ ಬಡಿಗ ಬಂದು ಟ್ರೇಲರಿಗೆ ಹಲಗೆಯ ಗೋಡೆ ಕಟ್ಟಿದ, ತಗಡಿನ ಸೂರು ಹೊದಿಸಿದ. ಆಮೇಲೆ ಬಡಿಗ ಕಿಟಕಿ ಕೊರೆಯತೊಡಗಿದಾಗ ಅವ್ವನಿಗೆ ತಡೆಯಲಾಗಲಿಲ್ಲ.

“ಯಣ್ಣಾ, ಭತ್ತಕ್ಕ ಕಿಟಕಿ ಯಾಕ ಬೇಕೋ?”

“ಭತ್ತಕ್ಕಲ್ಲ, ನಿನಗ. ನಿನ್ನ ಮಗಳಿಗೆ ಗಂಡ ಹುಡುಕಾಕ ಹೋಗೂಣು!”

ಮಗಳೆಂದರೆ ನಾನೇ. ಅವ್ವ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬರುವುದು ರೂಢಿ. ಹೆಣ್ಣನ್ನೇ ಗಾಡಿಯಲ್ಲಿ ತುಂಬಿಕೊಂಡು ಗಂಡಿನ ಊರಿಗೆ ಹೋಗುವುದುಂಟೇ? ಜನ ಏನಂದಾರು? ಮಾಮಾ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. ಕಿಟಕಿಗೆ ಪರದೆ ಹಾಕಿಸಿದ. “ಆಕಿ ಒಳಗಿಂದ ನೋಡಲಿ. ಆಕಿನ್ನ ಯಾರೂ ನೋಡೂದು ಬ್ಯಾಡ” ಎಂದ.

ಈ ಹುಚ್ಚಿಗೆ ಒಂದು ಕಾರಣವಿತ್ತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ನನ್ನ ಅವ್ವನನ್ನು ಕೊಟ್ಟದ್ದು ದೊಡ್ಡ ಮನೆತನಕ್ಕೆ. ಆ ಮನೆತನ ನೋಡಿ ಬರಲು ಅಜ್ಜ ಕಳಿಸಿದ್ದು ಮಾಮಾನನ್ನೇ. ಹೋದವನು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತು, ಹೋಳಿಗೆ ತುಪ್ಪ ಉಂಡು, ಎಲೆಯಡಿಕೆ ಹಾಕಿಕೊಂಡು ಬಂದು ‘ಭಾರೀ ಮನೆತನ’ ಎಂದ. ಲಗ್ನವಾಯಿತು. ಕೆಲವು ತಿಂಗಳ ಮೇಲೆ ತಂಗಿಯನ್ನು ನೋಡಲು ಹೋದರೆ, ಬಾಗಿಲಲ್ಲಿ ನಿಂತಿದ್ದ ಅವ್ವ ಒಡಹುಟ್ಟಿದವನಿಗೆ ‘ಒಳಗ ಬಾ’ ಎನ್ನಲಿಲ್ಲವಂತೆ. ಬಾಯಿ ತೆರೆದು, ಮುಚ್ಚಿ, ಹಿಂದಕ್ಕೆ ತಿರುಗಿ ಒಳಗೆ ನೋಡಿದಳಂತೆ. ಅತ್ತೆ ತಲೆಯಾಡಿಸಿದ ಮೇಲೆಯೇ ‘ಬಾ’ ಅಂದಳಂತೆ. ಆ ಮನೆಯಲ್ಲಿ ಒಂದು ತಂಬಿಗೆ ನೀರು ಕೊಡಲೂ ಅಪ್ಪಣೆ ಬೇಕಿತ್ತು. ಉಣ್ಣಲೂ ಬೇಕಿತ್ತು, ಅಳಲೂ ಬೇಕಿತ್ತು. ನಾನು ತೆವಳುವ ಮೊದಲೇ ಅವ್ವ ನನ್ನನ್ನು ಎತ್ತಿಕೊಂಡು ಮಾಮಾನ ಮನೆಗೆ ಬಂದವಳು ತಿರುಗಿ ಹೋಗಲಿಲ್ಲ. ಮಾಮಿ ಬೇಗ ತೀರಿಕೊಂಡಿದ್ದಳು, ಮಾಮಾನಿಗೆ ಮಕ್ಕಳಿರಲಿಲ್ಲ. ನನ್ನನ್ನು ಬೆಳೆಸಿದ್ದು ಅವನೇ.

“ಬೀಗರಾಗಿ ಹೋದ್ರ ಹೋಳಿಗಿ ಕಾಣತೈತಿ, ಮನಿ ಕಾಣೂದಿಲ್ಲ” ಎಂದು ಮಾಮಾ ನಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಿದ. “ಗುರುತಿಲ್ಲದಾವ್ರಾಗಿ ಹೋಗಬೇಕು. ಹೊತ್ತ ಮುಳುಗೂ ಮುಂದ ಬಾಗಲಾಗ ನಿಂತು ‘ವಸ್ತಿಗೆ ಜಾಗ ಐತೇನ್ರಿ’ ಅಂತ ಕೇಳಬೇಕು. ಆವಾಗ ಆ ಮನಿ ಹಿರೇ ಸೊಸಿ ಏನ ಮಾಡತಾಳ ನೋಡಬೇಕು.”

“ಏನ ಮಾಡಬೇಕು ಆಕಿ?” ಎಂದು ಕೇಳಿದೆ.

“ಹಿಂದ ತಿರುಗಿ ನೋಡಬಾರದು. ಅಷ್ಟ.”

ಹೀಗೆ ನನ್ನ ಬಾಳು ಯಾವುದೋ ಊರಿನ ಯಾವುದೋ ಸೊಸೆಯ ಕುತ್ತಿಗೆಯ ಮೇಲೆ ನಿಂತಿತು!

ಮೊದಲು ಗಾಡಿ ಹೇಗೆ ಓಡುತ್ತದೆ ನೋಡೋಣವೆಂದು ಜೋಯಿಡಾದ ಕಡೆ ಹೊರಟೆವು. ಸಂಜೆಗೆ ಕಾಡಿನೊಳಗೆ ಒಂದು ಪುಟ್ಟ ಹಳ್ಳಿ ಸಿಕ್ಕಿತು. ಒಲೆಯ ಮೇಲೆ ಗಂಜಿ ಕುದಿಯುತ್ತಿದೆ, ಅಂಗಳದಲ್ಲಿ ಕೋಳಿ ಓಡಾಡುತ್ತಿವೆ, ಆದರೆ ಮನುಷ್ಯರೇ ಇಲ್ಲ! ದೆವ್ವದ ಊರೇ ಇರಬೇಕೆಂದು ಅವ್ವನನ್ನು ಅಪ್ಪಿಕೊಂಡೆ. ಕಡೆಗೆ ಒಂದು ಗುಡಿಸಲಿನಿಂದ ಓಡಲಾರದ ಒಬ್ಬ ಮುದುಕಿ ಹೊರಬಂದು, ಮಾಮಾನ ಮುಂದೆ ಬತ್ತಿದ ತೋಳು ಚಾಚಿ, ಅಲ್ಲಿದ್ದ ಹಳೆಯ ಕಲೆ ತೋರಿಸಿ “ಮ್ಹಜೆಂ ಜಾಲಾಂ, ಪುತಾ!” ಎಂದು ಕೊಂಕಣಿಯಲ್ಲಿ ಅಂಗಲಾಚಿದಳು. ನಂದು ಆಗಿದೆ ಮಗನೇ, ಎಂದು! ನಮ್ಮ ಗಾಲಿ ಮನೆಯನ್ನು ನೋಡಿ ಮೈಲಿ ಬೇನೆಗೆ, ಅದೇ ಸಿಡುಬಿಗೆ, ಸೂಜಿ ಚುಚ್ಚುವ ಸರಕಾರಿ ಮಂದಿ ಬಂದರೆಂದು ಊರಿಗೆ ಊರೇ ಕಾಡು ಹೊಕ್ಕಿತ್ತು. ನಾನು ಅವರಿಗೆ ಹೆದರಿದ್ದೆ, ಅವರು ನನಗೆ ಹೆದರಿದ್ದರು. ಮಾಮಾ ಮಾತ್ರ ಸುತ್ತಲೂ ನೋಡಿ “ಎಷ್ಟ ಚಲೋ ಊರು! ಎಲ್ಲಿ ಬೇಕಾದ್ರೂ ನಿಲ್ಲಸಬಹುದು” ಎಂದ.

ಮಾಮಾನಿಗೆ ಇನ್ನೊಂದು ಹಟವಿತ್ತು. ಬೆಳಿಗ್ಗೆ ಎದ್ದು ಜಳಕ ಮಾಡಿ ಲಿಂಗಪೂಜೆಯಾಗದೆ ಅವನು ಬಾಯಿಗೆ ನೀರು ಹಾಕುತ್ತಿರಲಿಲ್ಲ. ಅದು ಸರಿ, ನಮ್ಮಲ್ಲಿ ಎಲ್ಲರೂ ಹಾಗೆಯೇ. ಆದರೆ ದಾರಿಯ ಮೇಲಿದ್ದಾಗ ಪೂಜೆಗೆ ಹರಿಯುವ ನೀರೇ ಬೇಕು ಎಂದು ಅವನೊಬ್ಬನದೇ ಶಾಸ್ತ್ರ. ಹೀಗಾಗಿ ಊರಲ್ಲಿ ಜಾಗ ಸಿಗದ ದಿನ ನಮ್ಮ ವಸ್ತಿ ಯಾವುದಾದರೂ ಹಳ್ಳದ ದಂಡೆಗೆ. ಹರಿಯುವ ನೀರು ಮಾಮಾನಿಗಷ್ಟೇ ಬೇಕೇ? ದಾಂಡೇಲಿ ಕಾಡಿನಲ್ಲಿರುವ ಸಮಸ್ತ ಪ್ರಾಣಿಗಳೂ ಅದನ್ನೇ ಹುಡುಕಿಕೊಂಡು ಬರುತ್ತಿದ್ದವು! ದೇವರ ಪೂಜೆಗೆಂದು ಹುಡುಕಿ ಹುಡುಕಿ ಹುಲಿ ನೀರು ಕುಡಿಯುವ ಜಾಗದಲ್ಲೇ ಹಾಸಿಗೆ ಹಾಸಿದವರು ಈ ಜಗತ್ತಿನಲ್ಲಿ ನಾವೇ ಇರಬೇಕು.

ಅಂಥದೊಂದು ಬೆಳಿಗ್ಗೆ ಟ್ರೇಲರಿನ ಬಾಗಿಲು ತೆರೆದರೆ, ಮೆಟ್ಟಿಲ ಬುಡದ ಒದ್ದೆ ಮರಳಿನಲ್ಲಿ ನನ್ನ ಅಂಗೈಗಿಂತ ದೊಡ್ಡ ಹೆಜ್ಜೆ ಮೂಡಿತ್ತು. ಮಾಮಾ ಹಳ್ಳದ ನಡುವಿನ ಬಂಡೆಯ ಮೇಲೆ ಎಡಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದ. ಅವನಾಚೆ ಎದುರು ದಂಡೆಯಲ್ಲಿ ಒಂದು ಕಾಡುಕೋಣ ನಿಂತಿತ್ತು. ಕೂಗಿದರೆ ಅದು ಮೈಮೇಲೆ ಬಂದೀತು, ಕೂಗದಿದ್ದರೆ ಮಾಮಾನಿಗೆ ಗೊತ್ತಾಗದು. ಅವ್ವ “ಯಣ್ಣಾ, ಯಣ್ಣಾ” ಎಂದು ಪಿಸುಗುಟ್ಟುತ್ತ ಅಳುತ್ತಿದ್ದಳು. ಮಾಮಾ ಪೂಜೆ ಪೂರಾ ಮುಗಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಕಟ್ಟಿಕೊಂಡು, ಕಣ್ಣು ತೆರೆದ. ಕೋಣವನ್ನು ನೋಡಿದ.

“ನಂದಾತು. ಇನ್ನ ನೀ ಕುಡಿ” ಎಂದು ಅದಕ್ಕೆ ಹೇಳಿ ಎದ್ದು ಬಂದ!

ಮೊದಲ ಗಂಡಿನ ಮನೆ ಹಳಿಯಾಳದಿಂದ ದೂರದ ಒಂದು ಊರಲ್ಲಿತ್ತು. ಊರಿನ ಹೆಸರು ಬೇಡ, ಅವರ ಮೊಮ್ಮಕ್ಕಳು ಓದಿಯಾರು. ಬಾಗಿಲಿಗೆ ಹಿತ್ತಾಳೆಯ ಹೂವು ಬಡಿದ ದೊಡ್ಡ ಮನೆ. ಮಾಮಾ ಹೋಗಿ ವಸ್ತಿಗೆ ಜಾಗ ಕೇಳಿದ. ಬಾಗಿಲಲ್ಲಿದ್ದ ಸೊಸೆ ಹಿಂದೆ ತಿರುಗಿದಳು. “ಯಾವ ಪೈಕಿ ಅಂತ ಕೇಳ” ಎಂದು ಒಳಗಿನಿಂದ ಒಂದು ದನಿ ಬಂತು. ಸೊಸೆ ಕೇಳಿದಳು, ಮಾಮಾ ಕುಲ ಹೇಳಿದ, ಸೊಸೆ ಮತ್ತೆ ತಿರುಗಿದಳು. “ಎಷ್ಟ ಮಂದಿ ಅಂತ ಕೇಳ.” ಮತ್ತೆ ಈ ಕಡೆ. “ಉಣ್ಣಾಕ ತಂದಾರೇನ ಕೇಳ.” ಮತ್ತೆ ಆ ಕಡೆ. ಕೊನೆಗೆ ಹಿತ್ತಲಲ್ಲಿ ನಿಲ್ಲಿಸಬಹುದು ಎಂದಾಯಿತು. ಮಾಮಾ ಕೈಮುಗಿದು ಬಂದು ಜೀಪು ತಿರುಗಿಸಿದ.

“ಜಾಗಾ ಕೊಟ್ರಲ್ಲೋ, ಯಾಕ ಹೊಂಟಿ?” ಎಂದಳು ಅವ್ವ.

“ಕೊಟ್ರು. ಆ ಹುಡಿಗಿ ಕುತ್ತಿಗಿ ನೋಡಿದೇನ? ಪಾಪ, ಇವತ್ತ ಎಣ್ಣಿ ಹಚ್ಚಿ ತಿಕ್ಕಬೇಕದಕ್ಕ!”

ಮತ್ತೆ ಹಳ್ಳದ ದಂಡೆ. ನನ್ನ ಪಾಡು ಹೇಳತೀರದು. ಒಂದು ಮನೆತನ ತಪ್ಪಿತೆಂದರೆ ಒಂದು ರಾತ್ರಿ ಕಾಡಿನಲ್ಲಿ. ಹಲಗೆಯ ಗೋಡೆಗೆ ಏನೋ ಮೈ ಉಜ್ಜಿದ ಸದ್ದಾದರೆ ಯಾವ ಅತ್ತೆಯಾದರೂ ಸರಿ, ಬೇಗ ಸಿಗಲಿ ಶಿವನೇ ಎನ್ನುತ್ತಿದ್ದೆ. ಬೆಳಗಾಗಿ ಅವ್ವನ ಮುಖ ಕಂಡರೆ ಮಾತ್ರ, ಹುಲಿಯೇ ವಾಸಿ, ಅದು ಒಂದೇ ಸಲ ತಿಂದು ಮುಗಿಸುತ್ತದೆ ಅನಿಸುತ್ತಿತ್ತು. ನಾನು ಅವ್ವನ ಹಾಗೆ ಒಂದು ಬಾಗಿಲಲ್ಲಿ ಬಾಯಿ ತೆರೆದು ಮುಚ್ಚುತ್ತ ನಿಂತಂತೆ ಕನಸು ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಆಗ ಎಲ್ಲಿಯೂ ಧೈರ್ಯವಿರಲಿಲ್ಲ.

ಎರಡನೆಯ ಮನೆ ದಾಂಡೇಲಿಯಲ್ಲಿ, ಹುಡುಗ ಕಟ್ಟಿಗೆ ಅಡ್ಡೆಯ ಕಾರಕೂನ. ಅಲ್ಲಿ ಬಾಗಿಲು ತೆರೆದ ಹೆಣ್ಣುಮಗಳು ಹಿಂದೆ ನೋಡುವುದಿರಲಿ, ಮಾಮಾನ ಮಾತು ಮುಗಿಯುವ ಮೊದಲೇ “ಬರ್ರಿ ಬರ್ರಿ, ಬೇವಿನ ಗಿಡದ ಕೆಳಗ ನಿಲ್ಲಸ್ರಿ” ಎಂದಳು. ಮಾಮಾ ಗೆದ್ದವನಂತೆ ಮೀಸೆ ತಿರುವುತ್ತ ಬಂದ. ಆಯಿತು, ಇನ್ನು ಇದೇ ನನ್ನ ಮನೆ! ಅಷ್ಟರಲ್ಲಿ ನೀರು ತರಲು ಹಿತ್ತಲಿಗೆ ಹೋಗಿದ್ದ ಅವ್ವ ಬರಿಗೊಡ ಹಿಡಿದುಕೊಂಡೇ ತಿರುಗಿ ಬಂದಳು.

“ಯಣ್ಣಾ, ಆಕಿ ಸೊಸಿ ಅಲ್ಲೋ. ತವರಿಗೆ ಬಂದ ಮಗಳಂತ! ಸೊಸಿ ಹಿತ್ತಲದಾಗ ಬೀಸಾಕ ಕುಂತಾಳ. ಹೆಸರ ಕೇಳಿದ್ರ ಬಾಗಲಾ ನೋಡತಾಳ.”

ಮಾಮಾನ ಮೀಸೆ ಇಳಿಯಿತು, ಜೀಪು ಹೊರಟಿತು.

ಮೂರನೆಯದು ಮುಂಡಗೋಡದ ಕಡೆ, ಪಾಳಾದಲ್ಲಿ. ಒಕ್ಕಲುತನದ ಮನೆ, ಹುಡುಗ ಮ್ಯಾಟ್ರಿಕ್ ಓದಿ ಹೊಲ ನೋಡಿಕೊಂಡಿದ್ದ. ಇದೇ ಕಡೆಯದು, ಇನ್ನು ನನ್ನ ಮೈಯಲ್ಲಿ ಕಸುವಿಲ್ಲ ಎಂದು ಅವ್ವ ಆಣೆ ಇಟ್ಟಿದ್ದಳು. ನಾವು ಹೋದಾಗ ಹಿರಿಯ ಸೊಸೆ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಏನೋ ನೆನೆದು ತನ್ನಷ್ಟಕ್ಕೆ ನಗುತ್ತಿದ್ದಳು. ಪರದೆಯ ಸಂದಿಯಿಂದ ಅದನ್ನು ನೋಡಿದೆ. ಒಬ್ಬ ಸೊಸೆ ಅತ್ತೆಯ ಮನೆಯಲ್ಲಿ ಒಬ್ಬಳೇ ಕುಳಿತು ನಗಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಮನೆ ನನಗೆ ಬೇಕು ಅನಿಸಿತು. ಅನಿಸಿದ್ದೇ ತಡ, ಹಿಂದೆಂದೂ ಇಲ್ಲದ ಹೆದರಿಕೆ ಹತ್ತಿತು. ಈಗ ಇವಳು ತಿರುಗಿ ನೋಡಿಬಿಟ್ಟರೆ?

“ವಸ್ತಿಗೆ ಜಾಗ ಐತೇನ್ರಿ?”

“ಕಣದಾಗ ನಿಲ್ಲಸ್ರಿ, ಚೊಕ್ಕ ಐತಿ. ಹೆಣ್ಮಕ್ಕಳು ಇದ್ರ ಒಳಗ ಕರೀರಿ, ಜಳಕಕ್ಕ ನೀರ ಕಾಸತೇನಿ.”

ಮಾಮಾ ಒಮ್ಮೆ ಮೋಸ ಹೋದವನು. “ನೀವು ಈ ಮನಿ ಸೊಸಿ ಹೌದಲ್ರಿ?” ಎಂದು ಖಾತ್ರಿ ಮಾಡಿಕೊಂಡ. “ನಿಮ್ಮ ಅತ್ತಿಯವರನ್ನ ಕೇಳೂದು ಬ್ಯಾಡೇನ್ರಿ?”

“ಅತ್ತಿ ಹೊಲಕ್ಕ ಹೋಗ್ಯಾರ. ಇದ್ರೂ ಅದರಾಗ ಕೇಳೂದೇನೈತ್ರಿ?”

ಹೊಲಕ್ಕೆ ಹೋಗಿದ್ದಾಳೆ! ಮಾಮಾನ ಮುಖ ಮತ್ತೆ ಗಂಟಾಯಿತು. ಬೆಕ್ಕಿಲ್ಲದಾಗ ಇಲಿ ಕುಣಿದಂತೆ ಇದೂ ಆಗಿರಬಾರದೇಕೆ? ಅತ್ತೆ ಬರುವವರೆಗೆ ಕಾಯುವುದೆಂದಾಯಿತು. ನಾನು ಟ್ರೇಲರಿನಲ್ಲಿ ಉಗುರು ಕಚ್ಚುತ್ತ ಕುಳಿತೆ. ದನಗಳ ಹಿಂದೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಎತ್ತರದ ಹೆಂಗಸೊಬ್ಬಳು ಬಂದಳು. ಕಣದಲ್ಲಿ ನಿಂತ ಗಾಲಿ ಮನೆಯನ್ನು ನೋಡಿದವಳೇ ಹೊರೆಯನ್ನು ದೊಪ್ಪನೆ ಕೆಡವಿದಳು.

“ಏ ಖೋಡಿ!” ಎಂದು ಸೊಸೆಯನ್ನು ಕೂಗಿದಳು. ನನ್ನ ಜೀವ ಬಾಯಿಗೆ ಬಂತು. “ಮಂದಿ ಬಂದು ಹಿಂಗ ಹೊರಗ ನಿಂತಾರ, ಚಾ ಮಾಡಿ ಕೊಟ್ಟೇನ ಇಲ್ಲಾ?”

ಮರುದಿನ ಬೆಳಿಗ್ಗೆ ಆ ಊರಲ್ಲಿ ಹರಿಯುವ ನೀರೆಲ್ಲಿದೆ ಎಂದು ಮಾಮಾ ಯಾರನ್ನೂ ಕೇಳಲಿಲ್ಲ. ಅವರ ಹಿತ್ತಲ ಬಾವಿಯಿಂದ ನೀರು ಸೇದಿಕೊಂಡು ಜಳಕ ಮಾಡಿ, ಕಣದ ಮೂಲೆಯಲ್ಲಿ ಪೂಜೆಗೆ ಕುಳಿತುಬಿಟ್ಟ. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದು “ನಿನ್ನ ಲಗ್ನ ಆತು” ಎಂದಳು.

ಆಯಿತು. ನಮ್ಮ ಗುರುತು ತಿಳಿದ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಸಿಟ್ಟಾಗಲಿಲ್ಲ. ಆಮೇಲೆ ರೂಢಿಯಂತೆ ಬಂದು ನನ್ನನ್ನು ನೋಡಿಕೊಂಡು ಹೋದರು. ಲಗ್ನವಾಗಿ ನಾನು ಹೊರಡುವಾಗ ಅವ್ವ ಅತ್ತಳು. ಮಾಮಾ ಎಲ್ಲಿ ಎಂದು ನೋಡಿದರೆ ಜೀಪಿನ ಅಡಿಯಲ್ಲಿ ಮಲಗಿ ಏನೋ ತಿರುಪು ಬಿಗಿಯುತ್ತಿದ್ದ, ಎಷ್ಟು ಕರೆದರೂ ಹೊರಗೆ ಬರಲಿಲ್ಲ.

ಮುಂದಿನ ಸುಗ್ಗಿ ಮುಗಿದ ಹೊತ್ತು. ಒಂದು ದಿನ ಬೆಳಗಿನ ಹೊತ್ತು ಏರುತ್ತಿದ್ದಾಗ ಜೀಪಿನ ಸದ್ದು ಕೇಳಿ ಬಾಗಿಲಿಗೆ ಓಡಿದೆ. ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮಾಮಾ ಅಂಗಳದಲ್ಲೇ ನಿಂತ. ಹೊಸ್ತಿಲ ಹತ್ತಿರ ಬರಲಿಲ್ಲ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ನನ್ನ ಗುರುತೇ ಇಲ್ಲದವನಂತೆ ಕೇಳಿದ:

“ಅವ್ವಾರ, ಇವತ್ತೊಂದಿನ ವಸ್ತಿಗೆ ಜಾಗ ಸಿಗತೈತೇನ್ರಿ?”

ನಗಲು ಬಾಯಿ ತೆರೆದವಳು ಅವನ ಕಣ್ಣು ನೋಡಿ ನಗು ನುಂಗಿದೆ. ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕುತ್ತಿಗೆಯ ಮೇಲಿತ್ತು. ಹೆದರಿದ ಮನುಷ್ಯನ ಗುರುತು ನನಗೆ ಚೆನ್ನಾಗಿ ಸಿಗುತ್ತದೆ. ಅಷ್ಟು ದಿನ ಅವನು ಹಳಿಯಾಳದಲ್ಲಿ ಹೇಗೆ ನಿದ್ದೆ ಮಾಡಿದ್ದನೋ!

“ಹುಚ್ಚ ಮಾಮಾ, ಒಳಗ ಬಾ” ಎಂದೆ. ಅಂಗಳಕ್ಕಿಳಿದು ಮೊಣಕೈ ಹಿಡಿದು ಎಳೆದುಕೊಂಡು ಬಂದೆ. ಹಿಂದೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ಮಾಮಾ ಪಡಸಾಲೆಯಲ್ಲಿ ಕುಳಿತು ಒಂದು ತಂಬಿಗೆ ನೀರು ಕುಡಿದ. ಅವ್ವ ಆರಾಮ ಇದ್ದಾಳೆ, ಮಳೆ ಚೆನ್ನಾಗಿ ಆಯಿತು ಎಂದೇನೋ ಹೇಳತೊಡಗಿದವನು, ಮಾತಿನ ನಡುವೆಯೇ ಗೋಡೆಗೆ ಒರಗಿ ನಿದ್ದೆ ಹೋದ.

ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಇಣುಕಿದರು. ಹಾಡುಹಗಲು ಗೊರಕೆ ಹೊಡೆಯುತ್ತಿದ್ದ ಬೀಗನನ್ನು ನೋಡಿ ದನಿ ತಗ್ಗಿಸಿದರು.

“ನಿಮ್ಮ ಮಾಮಾಗ ಮೈಯಾಗ ಆರಾಮ ಇಲ್ಲೇನ ತಂಗಿ?”

“ಇರಲಿಲ್ರೀ” ಎಂದೆ. “ಈಗ ಆರಾಮ ಆತು.”