ಅಕ್ಕನ ಬಿ.ಎಡ್. ಫೈಲೂ ನಾನು ಹೊಡೆದ ಲಾಂಗ್ ಬೆಲ್ಲೂ

ಮೊದಲು ಒಂದು ಒಗಟು. ಹೊಡೆದರೆ ನಾನೂರು ಜನ ಮನೆಗೆ ಹೋಗ್ತಾರೆ. ಹೊಡೆಯದೆ ಹಿಡಿದುಕೊಂಡರೆ ಒಬ್ಬಳು ಟೀಚರ್ ಆಗ್ತಾಳೆ. ಏನದು?

ಸ್ಕೂಲ್ ಬೆಲ್ ಅಂದ್ರೆ ಅರ್ಧ ಮಾರ್ಕು. ಮಿಕ್ಕರ್ಧ ನಿಮ್ಮ ಕೈಲಿ ಆಗಲ್ಲ, ಬಿಡಿ. ಕೊನೇಲಿ ನಾನೇ ಹೇಳ್ತೀನಿ.

ನನಗೆ ಹದಿನೇಳು. ಎಸ್ಸೆಸ್ಸೆಲ್ಸಿಲಿ ಗಣಿತ, ವಿಜ್ಞಾನ ಎರಡೂ ಹೋಗಿ ಎರಡು ವರ್ಷ ಆಯ್ತು. ಅಕ್ಕ ನನ್ನ ಹಾಗಲ್ಲ, ಬಿ.ಎ. ಮುಗಿಸಿದ್ದಾಳೆ. ಟೀಚರ್ ಆಗಬೇಕು ಅಂತ ಆಸೆ, ಅದಕ್ಕೆ ಬಿ.ಎಡ್. ಬೇಕು. ಹೋದ ವರ್ಷ ಒಂದು ಕಾಗದ ಇಲ್ಲದೆ ಸೀಟು ತಪ್ಪಿತ್ತು. "ಈ ಸಲವೂ ಆಗ್ಲಿಲ್ಲ ಅಂದ್ರೆ ಓದಿನ ಮಾತು ಎತ್ತಬೇಡ. ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡೀಲೇ ಪರ್ಮನೆಂಟಾಗಿ ನಿಂತ್ಕೋ" ಅಂತ ಅಮ್ಮ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಳು. ಮನೇಲಿ ಕೆಲಸ ಇಲ್ಲದವನು ನಾನೊಬ್ಬನೇ. ಹಾಗಾಗಿ ಫೈಲ್ ಹೊರೋದು ನನ್ನ ಪಾಲಿಗೆ ಬಂತು.

ಕಾಗದ ತರೋಕೆ ಅಂತ ಮನೆ ಬಿಟ್ಟವರಿಗೆ ನಾನೀಗ ಹೇಳೋವಂಥವು ಆಗ್ತಾನೇ ಇರ್ತವೆ. ಮೊದಲು ಕಾಲು ನೋಯುತ್ತೆ. ನಗು ಬರೋದು ವಾರ ಕಳೆದ ಮೇಲೆ.

ಪಶು ಆಸ್ಪತ್ರೆ

ಕೆ.ಆರ್. ಪುರದ ಕಡೆ ಇರೋ ವೆರಿಫಿಕೇಷನ್ ಕೌಂಟರಿನ ಕ್ಲರ್ಕು, ಜೆರಾಕ್ಸ್ ಪ್ರತಿಗಳಿಗೆಲ್ಲ ಗೆಜೆಟೆಡ್ ಆಫೀಸರ್ ಸಹಿ ಬೇಕು ಅಂದರು. ಅಷ್ಟು ದೊಡ್ಡವರು ನಮ್ಮ ನೆಂಟರಲ್ಲಿ ಯಾರೂ ಇಲ್ಲ. ನಮ್ಮ ಹಲಸೂರಿನ ಬೀದಿಗೆ ಗೊತ್ತಿರೋ ಗೆಜೆಟೆಡ್ ಆಫೀಸರ್ ಒಬ್ಬರೇ, ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರು.

ಹೋಗಿ ಸಾಲಲ್ಲಿ ನಿಂತ್ವಿ. ಮುಂದೆ ಒಂದು ಲ್ಯಾಬ್ರಡಾರು, ಹಿಂದೆ ಶಿವಾಜಿನಗರದಿಂದ ಆಟೋದಲ್ಲಿ ಬಂದ ಮೇಕೆ. ಕಂಪೌಂಡರ್ ಚೀಟಿ ಬರೀತಾ, "ಪೇಷೆಂಟ್ ಎಲ್ಲಿ?" ಅಂದ.

ನಾನು ಅಕ್ಕನ ಕಡೆ ಕೈ ತೋರಿಸಿದೆ.

ಅವನು ತಲೆ ಎತ್ತಲಿಲ್ಲ. "ಕಚ್ಚುತ್ತಾ?"

"ತಿಂಡಿ ಲೇಟಾದ್ರೆ."

ಅಕ್ಕ ನನ್ನ ತೊಡೆ ಚಿವುಟಿದ್ದು ಇನ್ನೂ ಹಸಿರಾಗಿದೆ.

ಡಾಕ್ಟರು ಒಳ್ಳೆಯವರು. ಎಡಗೈಯಲ್ಲಿ ನಾಯಿ ಬಾಯಿ ಹಿಡಿದು ಬಲಗೈಯಲ್ಲಿ ಏಳು ಪ್ರತಿಗೂ ಸಹಿ ಹಾಕಿದರು. ಸೀಲ್ ಹೊಡೆದಿದ್ದು ಕಂಪೌಂಡರ್. ಕೊನೇ ಪ್ರತಿಗೆ ಬರೋ ಹೊತ್ತಿಗೆ ಮೇಕೆ ಅವನ ಅಂಗಿ ತಿನ್ನೋಕೆ ಶುರು ಮಾಡಿತ್ತು. ಗಾಬರೀಲಿ ಯಾವ ಸೀಲ್ ಕೈಗೆ ಸಿಕ್ಕಿತೋ ಅದನ್ನೇ ಒತ್ತಿದ.

ಮಾರನೇ ದಿನ ಕೌಂಟರಿನಲ್ಲಿ ಕ್ಲರ್ಕು ಅಕ್ಕನ ಡಿಗ್ರಿ ಮಾರ್ಕ್ಸ್ ಕಾರ್ಡಿನ ಪ್ರತಿಯನ್ನ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು. "ಜಂತುಹುಳು ಔಷಧಿ ಕೊಡಲಾಗಿದೆ." ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಮುಂದಿನ ಲಸಿಕೆ ಯಾವಾಗಮ್ಮಾ?"

ಮತ್ತೆ ಪಶು ಆಸ್ಪತ್ರೆ, ಮತ್ತೆ ಸಾಲು. ಈ ಸಲ ಕಂಪೌಂಡರ್ ಪೇಷೆಂಟ್ ಎಲ್ಲಿ ಅಂತ ಕೇಳಲಿಲ್ಲ. ಅಕ್ಕನ್ನ ನೋಡಿದವನೇ, "ಓ, ಫಾಲೋ-ಅಪ್ಪಾ?" ಅಂದ.

ಫಿಟ್ನೆಸ್

ಟೀಚರ್ ಆಗೋಳು ಗಟ್ಟಿಮುಟ್ಟಾಗಿದ್ದಾಳೆ ಅಂತ ಸರ್ಕಾರಿ ಡಾಕ್ಟರ ಸರ್ಟಿಫಿಕೇಟೂ ಬೇಕಂತೆ. ಒಂಬತ್ತಕ್ಕೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂತ್ವಿ. ಹನ್ನೊಂದರ ಹೊತ್ತಿಗೆ ನನಗೆ ತಡೀಲಿಲ್ಲ. ಕಂಬದ ಹಿಂದೆ ನಿಂತು, ನರ್ಸ್ ದನಿ ಮಾಡಿ, "ಟೋಕನ್ ನಲವತ್ತೆರಡು!" ಅಂತ ಕೂಗಿದೆ. ಒಬ್ಬ ಅಜ್ಜ ಎದ್ದು ಸೀದಾ ಸ್ಟೋರ್ ರೂಮಿಗೆ ಹೋಗಿ ಶರ್ಟ್ ಬಿಚ್ಚಿ ಕೂತುಬಿಟ್ಟರು. ಅವರನ್ನ ಹೊರಗೆ ಕರೆಯೋಕೆ ಅರ್ಧ ಗಂಟೆ ಹಿಡೀತು. ನಮ್ಮ ಸರದಿ ಇನ್ನೂ ಹಿಂದಕ್ಕೆ ಹೋಯ್ತು.

ಒಂದು ಗಂಟೆಗೆ ಒಳಗೆ ಕರೆದರು. ಡಾಕ್ಟರು ಅಕ್ಕನ ಮುಖವನ್ನೂ ನೋಡದೆ ಸಹಿ ಹಾಕೋಕೆ ಹೊರಟರು.

"ಸರ್, ಬಿ.ಪಿ., ತೂಕ ಏನೂ ನೋಡಲ್ವಾ?" ಅಂದಳು ಅಕ್ಕ.

"ಎಷ್ಟೊತ್ತಿಂದ ಕೂತಿದ್ದೀರಮ್ಮಾ?"

"ಒಂಬತ್ತರಿಂದ."

"ಯಾರ ಮೇಲಾದ್ರೂ ಕೂಗಾಡಿದ್ರಾ?"

"ಇಲ್ಲ ಸರ್."

"ಟೀಚರ್ ಆಗೋಕೆ ಇನ್ನೇನು ನೋಡ್ಬೇಕು? ಫಿಟ್." ಆಮೇಲೆ ಪೆನ್ನಿನಿಂದ ನನ್ನನ್ನ ತೋರಿಸಿ, "ಇವನು ಅನ್‌ಫಿಟ್" ಅಂದರು. ನಾನು ಏನೂ ಕೇಳಿರಲೇ ಇಲ್ಲ.

ಹೆಡ್‌ಮಾಸ್ಟರ ಪ್ರಶ್ನೆ

ಇನ್ನು ಉಳಿದಿದ್ದು ಒಂದೇ ಕಾಗದ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ ಅಂತ ನಮ್ಮ ಸ್ಕೂಲಿನ ಹೆಡ್‌ಮಾಸ್ಟರು ಬರೆದುಕೊಡಬೇಕು. ಹೋದ ವರ್ಷ ಸೀಟು ತಪ್ಪಿಸಿದ್ದು ಇದೇ. ತರ್ತೀನಿ ಅಂತ ಒಪ್ಪಿಕೊಂಡು ತರದೇ ಇದ್ದವನು ನಾನೇ. ಈ ಸಲವೂ ಹೊಟ್ಟೆನೋವು, ಬಸ್ ಇಲ್ಲ, ಸ್ಕೂಲಿಗೆ ರಜಾ ಅಂತ ದಿನ ತಳ್ಳಿದೆ. ಕೊನೇ ದಿನ ಅಕ್ಕ ಕಾಲರ್ ಹಿಡಿದು ಎಳೆದುಕೊಂಡೇ ಹೋದಳು.

ಕಾರಣ ಇತ್ತು. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಒಂದಿನ ಮೂರನೇ ಪೀರಿಯಡ್ಡಿನಲ್ಲಿ ಲಾಂಗ್ ಬೆಲ್ ಹೊಡೆದಿದ್ದೆ. ನಾನೂರು ಮಕ್ಕಳು ಮನೆಗೆ ಹೋದರು. ಅದು ಹೋಗಲಿ, ಹೆಡ್‌ಮಾಸ್ಟರೂ ಟಿಫನ್ ಕ್ಯಾರಿಯರ್ ಎತ್ತಿಕೊಂಡು ಹೊರಟುಬಿಟ್ಟರು. ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಇಳಿದಾಗ, ಕ್ಯಾರಿಯರ್ ಯಾಕೋ ಭಾರ ಇದೆಯಲ್ಲ ಅನ್ನಿಸಿ ವಾಚ್ ನೋಡಿಕೊಂಡರಂತೆ. ಅಷ್ಟರಲ್ಲಿ ಇಲಾಖೆಯಿಂದ ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರನ್ನ ಸ್ವಾಗತ ಮಾಡಿದ್ದು ಗೇಟಿನ ನಾಯಿ. ಬೆಲ್ ಹೊಡೆದವನು ಕೊನೆಗೂ ಸಿಕ್ಕಿಬೀಳಲಿಲ್ಲ. ಅಕ್ಕನಿಗೂ ನಾನು ಹೇಳಿರಲಿಲ್ಲ.

ಹೆಡ್‌ಮಾಸ್ಟರು ರಿಜಿಸ್ಟರ್ ತೆಗೆದು ಅಕ್ಕನ ಹೆಸರು ಹುಡುಕಿ, ಕಾಗದ ಬರೆದು, ಸಹಿಗೆ ಪೆನ್ನು ಇಟ್ಟರು. ಹಾಗೇ ನಿಲ್ಲಿಸಿದರು.

"ಟೀಚರ್ ಆಗ್ತೀಯಲ್ಲಮ್ಮಾ, ಒಂದು ಪ್ರಶ್ನೆ. ಮೂರನೇ ಪೀರಿಯಡ್ಡಿಗೆ ಲಾಂಗ್ ಬೆಲ್ ಹೊಡೆಯೋ ಹುಡುಗನ್ನ ಏನು ಮಾಡಬೇಕು?"

"ಕೈ ಮುರೀಬೇಕು ಸರ್" ಅಂದಳು ಅಕ್ಕ, ಒಂದು ಕ್ಷಣವೂ ಯೋಚಿಸದೆ.

"ಬಿ.ಎಡ್. ಪರೀಕ್ಷೇಲಿ ಹೀಗೆ ಬರೆದ್ರೆ ಫೇಲು."

ಪೆನ್ನು ಅಲ್ಲೇ ಇತ್ತು. ಗೋಡೆ ಗಡಿಯಾರ ಹನ್ನೆರಡು ದಾಟಿತ್ತು. ಅಕ್ಕ ಸೀರೆ ಅಂಗಡಿಗೆ ಸುಳ್ಳು ಹೇಳಿ ಬಂದಿದ್ದಳು. ನಾನು ಮುಖಕ್ಕೆ ಅಡ್ಡ ಹಿಡಿದಿದ್ದ ಫೈಲ್ ಇಳಿಸಿದೆ.

"ನಾನೇ ಸರ್."

"ಗೊತ್ತು ಕಣೋ" ಅಂದರು. "ಅವತ್ತು ಗೇಟಿನ ಹತ್ರ ನನಗೆ ನಮಸ್ಕಾರ ಮಾಡಿದವನು ನೀನೊಬ್ಬನೇ. ಅದಕ್ಕೆ ಮುಂಚೆ ಯಾವತ್ತೂ ಮಾಡಿರಲಿಲ್ಲ."

ಡ್ರಾಯರಿನಿಂದ ಒಂದು ಫಾರ್ಮ್ ತೆಗೆದು ನನ್ನ ಮುಂದೆ ತಳ್ಳಿದರು. ಹತ್ತನೇ ಕ್ಲಾಸ್ ಮರುಪರೀಕ್ಷೆಯದು. "ಇದಕ್ಕೆ ನೀನು ಹಾಕು, ಅದಕ್ಕೆ ನಾನು ಹಾಕ್ತೀನಿ."

ಅಕ್ಕ ನನ್ನನ್ನೇ ನೋಡ್ತಿದ್ದಳು. ಕೈ ಮುರಿಯೋದನ್ನ ಸಹಿ ಆಗೋ ತನಕ ಮುಂದಕ್ಕೆ ಹಾಕಿದ್ದಾಳೆ ಅಂತ ಕಣ್ಣಲ್ಲೇ ಗೊತ್ತಾಯ್ತು. ಸಹಿ ಹಾಕಿದೆ. ಆ ಸ್ಕೂಲಲ್ಲಿ ನಾನು ತಪ್ಪಿಲ್ಲದೆ ಬರೆದಿದ್ದು ಅದೊಂದೇ.

ಐದು ಗಂಟೆ

ಹೆಡ್‌ಮಾಸ್ಟರ ಕಾಗದಕ್ಕೆ ಶಿಕ್ಷಣ ಇಲಾಖೆ ಆಫೀಸಿನ ಸೀಲೂ ಹಾಕಿಸಿಕೊಂಡು, ಮೆಟ್ರೋ ಹಿಡಿದು ಕೌಂಟರ್ ತಲುಪೋ ಹೊತ್ತಿಗೆ ಐದಕ್ಕೆ ಹತ್ತು ನಿಮಿಷ. ಮುಂದೆ ಮೂವತ್ತು ಜನ. ಐದಕ್ಕೆ ಪ್ಯೂನ್ ಬೆಲ್ ಹೊಡೆದರೆ ಕೌಂಟರ್ ಬಂದ್. ಪ್ಯೂನ್ ಆಗಲೇ ಸುತ್ತಿಗೆ ಹಿಡಿದು ನಿಂತಿದ್ದ. "ಅಣ್ಣಾ, ಟೀ ಕುಡ್ಕೊಂಡ್ ಬನ್ನಿ, ನಾನ್ ಹೊಡೀತೀನಿ" ಅಂದೆ. ಪಾಪ, ಕೊಟ್ಟು ಹೋದ. ಸುತ್ತಿಗೆನ ಅಂಗಿ ಒಳಗೆ ಇಟ್ಟುಕೊಂಡು ಕೂತೆ.

ಐದಾಯ್ತು, ಐದೂವರೆ ಆಯ್ತು. ಕ್ಲರ್ಕು ಸೀಲ್ ಹೊಡೀತಾನೇ ಇದ್ದರು. ಬೆಲ್ ಆಗದೆ ಏಳೋ ಅಭ್ಯಾಸವೇ ಅವರಿಗಿಲ್ಲ. ಆರಕ್ಕೆ ಅಕ್ಕನ ಫೈಲಿಗೆ ಸೀಲ್ ಬಿತ್ತು. ಆಗ ಹೋಗಿ ಬೆಲ್ ಹೊಡೆದೆ. ಕ್ಲರ್ಕು ಮೈ ಮುರಿದು ಎದ್ದು, "ಇವತ್ತು ಯಾಕೋ ದಿನ ಮುಗಿಯೋದೇ ಇಲ್ಲ ಅನ್ನಿಸ್ತಿತ್ತು" ಅಂದರು.

ಒಗಟಿನ ಮಿಕ್ಕರ್ಧ ಇದು.

ಅಂದಹಾಗೆ, ಈ ಸುತ್ತಿಗೆ ಕಥೆ ಸುಳ್ಳು. ಆ ಆಫೀಸಲ್ಲಿ ಬೆಲ್ಲೇ ಇಲ್ಲ. ನಾವು ಹೋದಾಗ ಮೂರೂವರೆ, ಮುಂದೆ ಇದ್ದವರು ಇಬ್ಬರು. ಕ್ಲರ್ಕು ಕಾಗದ ತಿರುವಿ, "ಲಸಿಕೆ ಹಾಕಿಸ್ಕೊಂಡ್ಯಾಮ್ಮಾ?" ಅಂತ ಕೇಳಿ ಸೀಲ್ ಹೊಡೆದರು, ಅಷ್ಟೇ. ಸೀಟು ಸಿಕ್ತು. ಕೊನೆ ಸಪ್ಪೆ ಆಯ್ತು ಅಂತ ನಾನೇ ಬೆಲ್ ಕಟ್ಟಿದೆ. ನಿಮಗೆ ಉತ್ತರ ಬರದೇ ಇದ್ದಿದ್ದು ಅದಕ್ಕೇ.

ಆದ್ರೆ ಹೆಡ್‌ಮಾಸ್ಟರ ಫಾರ್ಮ್ ಸುಳ್ಳಲ್ಲ. ಸುಳ್ಳಾಗಿದ್ರೆ ಅಕ್ಕ, ತಾನು ಪಾಠ ಮಾಡೋದು ಕಲಿಯೋಕೆ ಅಂತ, ದಿನಾ ಬೆಳಿಗ್ಗೆ ಆರಕ್ಕೆ ನನ್ನನ್ನ ಎಬ್ಬಿಸಿ ಗಣಿತಕ್ಕೆ ಕೂರಿಸ್ತಿರಲಿಲ್ಲ. ಅವಳಿಗೂ ಗಣಿತ ಬರಲ್ಲ. ಪೀರಿಯಡ್ ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಕೇಳಿದ್ರೆ, "ಮನೇಲಿ ಬೆಲ್ ಇಲ್ವಲ್ಲೋ" ಅಂತಾಳೆ.