ಹೈದರಲಿಯಣ್ಣ ರೊಟ್ಟಿ ಮುರಿದ ಕಂತು

ಸಬೊಹತ್: ಪುಸ್ತಕದಲ್ಲಿ ಹುಡುಗಿ ಅಪ್ಪ ರೊಟ್ಟೀನ ಆಚೆ ತಳ್ತಾನೆ. ನೀವ್ಯಾಕೆ ಮುರಿದ್ರಿ?

ಹೈದರಲಿ: ಪುಸ್ತಕದ ಅಪ್ಪನ ಮುಂದೆ ಇದ್ದಿದ್ದು ಬರೀ ಅಕ್ಷರ ಕಣೇ. ನನ್ನ ಮುಂದೆ ಇದ್ದಿದ್ದು ಬಿಸಿ ರೊಟ್ಟಿ.

ಸಬೊಹತ್: ಆ ಪುಟದಲ್ಲಿ ನಮ್ಮಜ್ಜಿ ಅತ್ತಿದ್ದಾಳೆ, ನಮ್ಮಮ್ಮ ಅತ್ತಿದ್ದಾಳೆ. ಮುಹಯ್ಯೊ ಹೊಟ್ಟೇಲಿದ್ದಾಗ ನಾನು ಅತ್ತು ಅತ್ತು ಸೂಲಗಿತ್ತಿ ಹತ್ರ ಬೈಸ್ಕೊಂಡಿದ್ದೀನಿ. ಇವತ್ತು ಮಾರ್ಗಿಲಾನ್ ಊರಿಗೂರೇ ಕರವಸ್ತ್ರ ಹಿಡ್ಕೊಂಡು ಟೀವಿ ಮುಂದೆ ಕೂತಿತ್ತು. ನೀವು ನೋಡಿದ್ರೆ ರೊಟ್ಟಿ ಮುರಿದು ಬಾಯಿಗೂ ಹಾಕ್ಕೊಂಡ್ರಿ.

ಹೈದರಲಿ: ಹಸಿವಾಗಿತ್ತು.

ನಾನು ಈ ಗಂಡ ಹೆಂಡತಿಯ ಪಕ್ಕದ ಮನೆಯವಳು, ಉಮ್ರಿ. ತಂದೂರಿನಲ್ಲಿ ರೊಟ್ಟಿ ಸುಟ್ಟು ಮಾರುವವಳು. ನನ್ನ ಮನೆಯಲ್ಲೂ ಟೀವಿ ಇದೆ. ಆದರೆ ಈ ಮನೆಯಲ್ಲಿ ಟೀವಿ ಆರಿಸಿದ ಮೇಲೂ ಕಾರ್ಯಕ್ರಮ ಮುಂದುವರಿಯುತ್ತದೆ, ಅದಕ್ಕೇ ಇಲ್ಲಿಗೆ ಬರುತ್ತೇನೆ.

ನಡೆದದ್ದು ಇಷ್ಟು. ನಮ್ಮವರೆಲ್ಲ ಬಾಯಿಪಾಠ ಮಾಡಿದಂಥ ಒಂದು ಹಳೆಯ ಪ್ರೇಮಕಾದಂಬರಿಯನ್ನು ಧಾರಾವಾಹಿ ಮಾಡುತ್ತೇನೆಂದು ವಸಂತದಲ್ಲಿ ತಾಷ್ಕೆಂಟಿನಿಂದ ಒಬ್ಬ ನಿರ್ದೇಶಕ ಬಂದ. ಕಥೆಯಲ್ಲಿ ಹುಡುಗನ ಅಪ್ಪನಿಗೂ ಹುಡುಗಿಯ ಅಪ್ಪನಿಗೂ ಹಾವು ಮುಂಗುಸಿ. ಹುಡುಗನ ಕಡೆಯವರು ಸಂಬಂಧ ಕೇಳಲು ಬಂದಾಗ ಹುಡುಗಿಯ ಅಪ್ಪ ಎದುರಿಗಿದ್ದ ರೊಟ್ಟಿಯನ್ನು ಮುರಿಯದೆ ತಳ್ಳುತ್ತಾನೆ; ನಮ್ಮಲ್ಲಿ ಮುರಿದರೆ ಒಪ್ಪಿಗೆ, ತಳ್ಳಿದರೆ ಒಲ್ಲೆ ಎಂದರ್ಥ. ಅಲ್ಲಿಂದ ಮುಂದೆ ಪುಸ್ತಕ ಮುಗಿಯುವ ತನಕ ಕಣ್ಣೀರು.

ಆ ಇಬ್ಬರು ಅಪ್ಪಂದಿರಿಗೆ ನಿರ್ದೇಶಕ ನಟರನ್ನು ತರಲಿಲ್ಲ. ನಮ್ಮ ಮೊಹಲ್ಲಾದಲ್ಲಿ ಸುತ್ತಾಡಿ, ಹುಡುಗಿಯ ಅಪ್ಪನಾಗಲು ಮದುವೆಮನೆಗಳಿಗೆ ಪಲಾವ್ ಮಾಡುವ ಹೈದರಲಿಯಣ್ಣನನ್ನೂ ಹುಡುಗನ ಅಪ್ಪನಾಗಲು ಚಾಕು ಮಾರುವ ಕೊಸಿಮಣ್ಣನನ್ನೂ ಹಿಡಿದ. ಇವರಿಬ್ಬರೂ ಚಿಕ್ಕಂದಿನ ಗೆಳೆಯರು. ಒಂದು ಮದುವೆಯಲ್ಲಿ ಕೊಸಿಮಣ್ಣ ತಟ್ಟೆ ಮುಂದಿಟ್ಟುಕೊಂಡು, ಈ ಪಲಾವ್ ಹಲ್ಲಿಲ್ಲದವರಿಗೆ ಬಲು ಅನುಕೂಲ ಎಂದುಬಿಟ್ಟರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಿರ್ದೇಶಕನಿಗೆ ಅದೇ ಹಿಡಿಸಿತು. ಈ ಮುಖಗಳಿಗೆ ಬಣ್ಣವೇ ಬೇಡ ಎಂದ. ಮಾತನ್ನೂ ಬರೆದುಕೊಡಲಿಲ್ಲ, ನಿಮ್ಮ ಮನೆಯಲ್ಲಿ ಹೇಗೆ ಆಡುತ್ತೀರೋ ಹಾಗೇ ಆಡಿ ಎಂದ. ಚಿತ್ರೀಕರಣವೂ ಇವರದೇ ಅಂಗಳದಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ ನಡೆಯಿತು.

ಎಲ್ಲ ಸರಿಯಾಗಿತ್ತು, ಹೈದರಲಿಯಣ್ಣನ ಕೈಯೊಂದು ಬಿಟ್ಟು. ಆ ಕೈ ರೊಟ್ಟಿಯನ್ನು ತಳ್ಳಲು ಹೋಗುತ್ತಿತ್ತು, ಹತ್ತಿರ ಹೋದೊಡನೆ ಎತ್ತಿಕೊಂಡು ಕಣ್ಣಿಗೊತ್ತಿಕೊಳ್ಳುತ್ತಿತ್ತು, ಮುರಿಯುತ್ತಿತ್ತು. ನಿರ್ದೇಶಕ ನಿಲ್ಲಿಸಿ ಎನ್ನುತ್ತಿದ್ದ. ಇನ್ನೊಂದು ರೊಟ್ಟಿ ಬರುತ್ತಿತ್ತು, ಅದನ್ನೂ ಮುರಿಯುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ನಿರ್ದೇಶಕ ತಲೆಗೆ ಕೈ ಹೊತ್ತು ಕೂತ. ಸರಿ, ಮದುವೆ ಆಗಲಿ ಬಿಡಿ ಎಂದು ಎದ್ದ. ತಲೆಮಾರುಗಳಿಂದ ಅಗಲಿಯೇ ಸತ್ತ ಪ್ರೇಮಿಗಳು ಹೀಗೆ ನಮ್ಮ ಮೊಹಲ್ಲಾದಲ್ಲಿ ಗಂಡ ಹೆಂಡತಿಯಾದರು. ಆ ಕಂತೇ ಈಗ ತಾನೇ ಮುಗಿದದ್ದು.

ಸಬೊಹತ್ ಗಂಡನ ಬಟ್ಟಲಿಗೆ ಚಹಾ ಹಾಕಿದಳು, ತುಳುಕುವಷ್ಟು. ನಮ್ಮಲ್ಲಿ ಬೇಕಾದವರಿಗೆ ಬಟ್ಟಲ ತಳ ಮುಚ್ಚುವಷ್ಟೇ ಚಹಾ ಹಾಕುತ್ತೇವೆ, ಮತ್ತೆ ಮತ್ತೆ ಕೈ ಚಾಚಲಿ ಎಂದು. ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದರ್ಥ. ಪಾಪ, ಹೈದರಲಿಯಣ್ಣ ಸ್ವಂತ ಮನೆಯಿಂದ ಎಲ್ಲಿಗೆ ಹೋಗಬೇಕು?

ಅಷ್ಟರಲ್ಲಿ ಫೋನ್ ಬಂತು. ಕೋಕಂದ್ ಊರಿನ ಹಲ್ಲಿನ ಡಾಕ್ಟರರ ತಾಯಿ. ಬರುವ ಭಾನುವಾರ ಮಗನಿಗೆ ಇವರ ಮಗಳು ಮುಹಯ್ಯೊಳನ್ನು ಕೇಳಲು ಬರುವವರಿದ್ದರು. ಆ ಸಂಬಂಧ ಕುದುರಲಿ ಎಂದು ಹೈದರಲಿಯಣ್ಣ ಅಂಗಳದ ಗೋಡೆಗೆ ಸುಣ್ಣ ಹೊಡೆಸಿದ್ದರು. ಸಬೊಹತ್ ಹೌದು, ಇಲ್ಲ, ಅದು ನಾಟಕ, ಅಯ್ಯೋ ಹಾಗಲ್ಲ ಎಂದು ಒಂದಷ್ಟು ಹೇಳಿ, ಕೊನೆಗೆ ಬರೀ ಹೂಂ ಎನ್ನುತ್ತ ಫೋನ್ ಇಟ್ಟಳು.

ಸಬೊಹತ್: ಬರಲ್ವಂತೆ. ರೊಟ್ಟಿ ಮುರಿದಿರೋ ಹುಡುಗಿ ಮನೆ ಹೊಸಲು ನಾವು ತುಳಿಯಲ್ಲ, ಒಳ್ಳೇದಾಗ್ಲಿ ಅಂದ್ರು.

ಹೈದರಲಿ: ಯಾವ ಹುಡುಗಿ? ಅದು ಧಾರಾವಾಹಿ ಹುಡುಗಿ. ತಾಷ್ಕೆಂಟಿಂದ ಬಸ್ಸಲ್ಲಿ ಬಂದವಳು.

ಸಬೊಹತ್: ನೀವು ಅವಳ ಹೆಸರು ಹೇಳಿದ್ರಾ?

ಹೈದರಲಿ: ಸಂಬಂಧ ಮಾತಾಡೋವಾಗ ಹೆಣ್ಣಿನ ಹೆಸರು ಯಾರಾದ್ರೂ ಎತ್ತುತ್ತಾರಾ? ನಮ್ಮ ಮನೇಲಿ ಆಡೋ ಹಾಗೇ ಆಡಿದೆ.

ಸಬೊಹತ್: ಏನಂತ ಆಡಿದ್ರಿ? ಇನ್ನೊಂದ್ಸಲ ಹೇಳಿ, ಉಮ್ರಿನೂ ಕೇಳ್ಲಿ.

ಹೈದರಲಿ: ನನ್ನ ಮಗಳನ್ನ ನಿಮ್ಮ ಮಗನಿಗೆ ಕೊಟ್ಟೆ ಅಂದೆ.

ಸಬೊಹತ್: ನಿಮಗಿರೋಳು ಒಬ್ಬಳೇ ಮಗಳು. ಕೊಸಿಮಣ್ಣನಿಗಿರೋನು ಒಬ್ಬನೇ ಮಗ.

ಹೈದರಲಿಯಣ್ಣ ಚಹಾ ಬಟ್ಟಲನ್ನು ಕೆಳಗಿಟ್ಟರು. ಇದು ಅವರಿಗೆ ಹೊಳೆದೇ ಇರಲಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಮ್ಮ ಕಡೆ ರೊಟ್ಟಿ ಮುರಿದರೆ ಮಾತು ಮುಗಿಯಿತು, ಉಂಗುರ ಬಟ್ಟೆ ಬರೆ ಎಲ್ಲ ಆಮೇಲೆ.

ಹೈದರಲಿ: ಆ ರೊಟ್ಟಿ ಲೆಕ್ಕಕ್ಕಿಲ್ಲ. ಸಿನಿಮಾದವರ ರೊಟ್ಟಿ. ಮರದ ಪುಡೀಲೋ ಗಂಜೀಲೋ ಮಾಡಿರ್ತಾರೆ.

ನಾನು ಕೆಮ್ಮಿದೆ.

ನಾನು: ನನ್ನ ತಂದೂರಿನದು ಅಣ್ಣ. ಕರಿಜೀರಿಗೆ ಹಾಕಿದ್ದೆ.

ಹೈದರಲಿ: ಸರಿ, ರೊಟ್ಟಿ ನಿಜದ್ದು. ಮುರಿದ್ಮೇಲೆ ಮಾಡಿದ ದುವಾ ಪ್ರಾರ್ಥನೆ ಸುಳ್ಳಲ್ವಾ?

ಸಬೊಹತ್: ದುವಾ ಮಾಡಿದ್ದು ನಮ್ಮ ಮೊಹಲ್ಲಾದ ಹಿರಿಯರು. ನಮ್ಮ ಮದುವೇಲಿ ಮಾಡಿದ್ದೂ ಅವರೇ. ಅದೂ ಸುಳ್ಳಾದ್ರೆ ಈಗ್ಲೇ ಹೇಳಿಬಿಡಿ, ನಾನು ನಮ್ಮಮ್ಮನ ಮನೆಗೆ ಹೋಗ್ತೀನಿ.

ಹೈದರಲಿ: ಕ್ಯಾಮೆರಾ ಮುಂದೆ ಮಾಡಿದ್ದು ಕಣೇ.

ಸಬೊಹತ್: ಕ್ಯಾಮೆರಾ ಇದೆ ಅಂತ ದೇವರು ಕಿವಿ ಮುಚ್ಕೋತಾನಾ?

ಹೈದರಲಿಯಣ್ಣ ನನ್ನ ಕಡೆ ತಿರುಗಿದರು. ಮುರಿದ ರೊಟ್ಟಿಯನ್ನು ನೆಂಟರು ಹಂಚಿಕೊಂಡು ತಿಂದರೆ ತಾನೇ ಮಾತು ಗಟ್ಟಿ, ಅಲ್ಲಿ ತಿಂದವರು ಯಾರು ಎಂದು ಕೇಳಿದರು. ನಾನು ಸುಳ್ಳು ಹೇಳಲಾರೆ. ಬೆಳಗಿನಿಂದ ಸಂಜೆಯ ತನಕ ಅಷ್ಟೊಂದು ರೊಟ್ಟಿ ಮುರಿದಿದ್ದರು. ರೊಟ್ಟಿಯನ್ನು ಎಸೆಯಲಿಕ್ಕುಂಟೇ? ಮೊಹಲ್ಲಾ ಪೂರ್ತಿ ತಿಂದಿತ್ತು. ಯಾವ ಮದುವೆಗೂ ಇಷ್ಟು ಸಾಕ್ಷಿಗಳು ಸಿಕ್ಕಿರಲಾರರು.

ಹೈದರಲಿ: ಹುಡುಗಿ ತಿಂದಿಲ್ಲವಲ್ಲ. ಕೊನೆಗೆ ಮುರಿದ ರೊಟ್ಟೀಲಿ ಅರ್ಧ ಕೊಸಿಮ್ ಒಯ್ದ. ಇನ್ನರ್ಧ ನಾನು ಸೊಂಟದ ವಸ್ತ್ರದಲ್ಲಿ ಕಟ್ಕೊಂಡು ಬಂದು ನಿನ್ನ ಕೈಗೇ ಕೊಟ್ಟೆ. ಎಲ್ಲಿ ಅದು?

ಸಬೊಹತ್ ಊಟಕ್ಕೆ ಹಾಸಿದ್ದ ಬಟ್ಟೆಯ ಮೇಲಿನ ಚೂರುಗಳನ್ನು ಆಯತೊಡಗಿದಳು. 

ಸಬೊಹತ್: ಮುಹಯ್ಯೊಗೆ ಕೆನೆ ಸವರಿ ಕೊಟ್ಟೆ.

ಹೈದರಲಿ: ಅಂದ್ರೆ ಮಗಳ ಬಾಯಿಗೆ ಇಟ್ಟೋಳು ನೀನು. ನನ್ನ ಮೇಲೆ ಯಾಕೆ ಕೂಗಾಡ್ತಿದ್ದೀಯ?

ಸಬೊಹತ್: ಹೆತ್ತ ತಾಯಿ ಮಗಳಿಗೆ ರೊಟ್ಟಿ ಕೊಡೋವಾಗ ಎಲ್ಲಿ ಮುರಿದಿದ್ದು ಅಂತ ಕೇಳ್ತಾ ಕೂರ್ತಾಳಾ?

ಒಳಗೆ ಅಡುಗೆಮನೆಯಲ್ಲಿ ಮುಹಯ್ಯೊ ಪಾತ್ರೆ ತೊಳೆಯುತ್ತಿದ್ದಳು. ರೇಷ್ಮೆ ನೇಯುವ ಹುಡುಗಿ, ಮೆದು ಮಾತಿನವಳು. ಕೋಕಂದ್‌ನ ಫೋನ್ ಬಂದಾಗಿನಿಂದ ಅವಳು ಹಾಡು ಗುನುಗುತ್ತಿದ್ದಳು. ಕಿತ್ತುಹೋದ ಸಂಬಂಧಕ್ಕೆ ಯಾರೂ ಹಾಗೆ ಗುನುಗುವುದಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಅದು ಕೇಳಿಸಲಿಲ್ಲ, ಅವರವರ ದನಿಯೇ ಅವರಿಗೆ ಸಾಕಾಗಿತ್ತು.

ಬಾಗಿಲು ತಟ್ಟಿದ ಸದ್ದಾಯಿತು. ಕೊಸಿಮಣ್ಣ. ಈ ಹೊಸಲನ್ನು ಅವರು ಸ್ವಂತ ಕೆಲಸಕ್ಕೆ ದಾಟಿ ವರ್ಷಗಳಾಗಿದ್ದವು. ಕೈಯಲ್ಲಿ ಬಟ್ಟೆಯ ಗಂಟು. ಹೈದರಲಿಯಣ್ಣನ ಮುಖ ನೋಡದೆ, ಸಲಾಮು ಹೇಳಿ, ಚಪ್ಪರದ ಕಂಬದ ಜೊತೆ ಮಾತಾಡುವವರ ಹಾಗೆ, ನಾವು ಕೂತಿದ್ದ ಅಂಗಳದ ಮಂಚದ ಅಂಚಿಗೆ ಕೂತರು.

ಕೊಸಿಮ್: ಸಬೊಹತಮ್ಮ, ನಿಮ್ಮ ಯಜಮಾನರಿಗೆ ಹೇಳಿ. ಕಂತು ಮುಗಿದಿದ್ದೇ ತಡ, ನಮ್ಮ ಮನೆ ಮುಂದೆ ಜನ. ಎಲ್ಲರೂ ಕೈ ಕುಲುಕ್ತಾರೆ. ಮದುವೆ ಯಾವಾಗ ಅಂತಾರೆ.

ಹೈದರಲಿ: ಸಬೊಹತ್, ಬಂದವರಿಗೆ ಹೇಳು. ನಮ್ಮ ಮನೆಗೆ ಬರಬೇಕಾದ ಡಾಕ್ಟರು ಬರಲ್ಲ ಅಂದ್ರು. ನಷ್ಟ ಯಾರಿಗೆ ಅಂತ ಕೇಳು.

ಕೊಸಿಮ್: ಕೇಳಮ್ಮ, ನಮ್ಮ ಹುಡುಗ ಇಲ್ಹೋಮ್‌ಗೆ ಏನು ಕಮ್ಮಿ ಅಂತ. ರೇಷ್ಮೆಗೆ ಬಣ್ಣ ಹಾಕೋ ಕಾರ್ಖಾನೇಲಿ ಅವನಷ್ಟು ಚೆನ್ನಾಗಿ ನೀಲಿ ಅದ್ದೋನು ಇನ್ನೊಬ್ಬನಿಲ್ಲ.

ಹೈದರಲಿ: ನಮ್ಮ ಹುಡುಗಿಗೇನು ಕಮ್ಮಿ ಅಂತ ಕೇಳು. ಬೇಡ ಅನ್ನೋಕೆ ಮನೆ ತನಕ ಬಂದಿದ್ದಾರಲ್ಲ.

ಕೊಸಿಮ್: ಬೇಡ ಅಂತ ನಾನು ಅಂದ್ನಾ? ಪುಸ್ತಕದಲ್ಲಿ ಬೇಡ ಅನ್ನೋನು ಹುಡುಗಿ ಅಪ್ಪ.

ಇಬ್ಬರೂ ಕಂಬವನ್ನೇ ಬೈದುಕೊಳ್ಳುತ್ತಿದ್ದರು, ನಡುವೆ ಸಬೊಹತ್ ಕತ್ತು ತಿರುಗಿಸಿ ತಿರುಗಿಸಿ ಸೋತಳು. ಇಲ್ಹೋಮ್ ಏನಂತಾನೆ ಎಂದು ನಾನೇ ಕೇಳಿದೆ. ಅವನು ಏನೂ ಅನ್ನುವುದಿಲ್ಲ, ಗಡ್ಡ ಹೆರೆಸಿಕೊಂಡು, ಬೂಟು ತಿಕ್ಕಿಕೊಂಡು ಕೂತಿದ್ದಾನೆ, ಯಾಕೋ ಅಂದರೆ ಸೆಕೆ ಅನ್ನುತ್ತಾನೆ ಎಂದರು ಕೊಸಿಮಣ್ಣ. ಅಡುಗೆಮನೆಯ ಗುನುಗು ಥಟ್ಟನೆ ನಿಂತಿತು.

ಕೊಸಿಮಣ್ಣ ಗಂಟು ಬಿಚ್ಚಿದರು. ಒಳಗೆ ಆ ಅರ್ಧ ರೊಟ್ಟಿ, ಒಣಗಿ ಹಲಗೆಯಾಗಿತ್ತು. ಅದನ್ನು ಹೈದರಲಿಯಣ್ಣನ ಮುಂದೆ, ಊಟದ ಬಟ್ಟೆಯ ಮೇಲೆ ಇಟ್ಟರು. ಈಗ ನೇರ ಮುಖ ನೋಡಿದರು.

ಕೊಸಿಮ್: ಇಲ್ಲಿ ಕ್ಯಾಮೆರಾ ಇಲ್ಲ, ನಿರ್ದೇಶಕ ಇಲ್ಲ. ನಿಮಗೆ ಬೇಡವಾದ್ರೆ ತಳ್ಳಿ. ನಾಳೆ ನಾನೇ ಕೋಕಂದ್‌ಗೆ ಹೋಗಿ ಆ ಡಾಕ್ಟರ ಮನೇಲಿ ಹೇಳಿ ಬರ್ತೀನಿ, ಅದು ಬರೀ ಆಟ ಅಂತ. ನಿಮ್ಮ ಮಗಳ ಬಾಳಿಗೆ ನಮ್ಮ ಜಗಳ ಅಡ್ಡ ಬರೋದು ಬೇಡ.

ಒಳ್ಳೆಯ ಮಾತು. ಚಾಕು ಮಾರುವವರ ಬಾಯಲ್ಲಿ ಇಷ್ಟು ಮೆತ್ತಗಿನ ಮಾತನ್ನು ನಾನು ಕೇಳಿರಲಿಲ್ಲ. ಅದೇ ಹೊತ್ತಿಗೆ ಮುಹಯ್ಯೊ ಚಹಾದ ಕೆಟಲು ಹಿಡಿದು ಬಾಗಿಲಿಗೆ ಬಂದಿದ್ದಳು, ಅಲ್ಲೇ ನಿಂತಳು. ಅವಳ ಕಣ್ಣು ಅಪ್ಪನ ಕೈ ಮೇಲಿತ್ತು. ಆ ಮುಖ ನೋಡಿ ನನಗೆ ಅಳು ಬಂತು. ಅಜ್ಜಿ, ತಾಯಿ, ಮೊಮ್ಮಗಳು ಓದಿ ಅತ್ತ ಪುಟ ಇದೇ ಎಂದು ಆಗ ಅನ್ನಿಸಿತು.

ಹೈದರಲಿ: ತಳ್ಳಲ್ಲ ಅಂದ್ಕೊಂಡ್ರಾ?

ಕೈ ಮುಂದೆ ಹೋಯಿತು. ರೊಟ್ಟಿಯ ಹತ್ತಿರ ಹೋಗಿ ನಿಂತಿತು. ಕೊಸಿಮಣ್ಣ ಅವಸರದಲ್ಲಿ ಅದನ್ನು ಬೋರಲು ಇಟ್ಟಿದ್ದರು. ನಮ್ಮಲ್ಲಿ ರೊಟ್ಟಿಯನ್ನು ಬೋರಲು ಹಾಕುವವರಿಲ್ಲ. ಕೈ ಅದನ್ನು ಮೆಲ್ಲಗೆ ಎತ್ತಿ ಮಗುಚಿತು, ಮೇಲಿನ ಧೂಳು ಊದಿತು ಹೈದರಲಿಯಣ್ಣನ ಬಾಯಿ. ಆಮೇಲೆ ಕಣ್ಣಿಗೊತ್ತಿಕೊಂಡರು, ಮುರಿದರು. ಒಂದು ತುಂಡನ್ನು ಹೆಂಡತಿ ಸಿಟ್ಟಿನಲ್ಲಿ ತುಂಬಿಸಿ ಕೊಟ್ಟಿದ್ದ ಬಟ್ಟಲಿಗೆ ಅದ್ದಿ, ಮೆತ್ತಗಾಗಲಿ ಎಂದು ಕಾದು, ಬಾಯಿಗೆ ಹಾಕಿಕೊಂಡರು.

ಕೊಸಿಮ್: ತಳ್ಳೋ ಅಂದ್ರೆ ತಿಂತಾ ಇದ್ದೀಯಲ್ಲೋ.

ಹೈದರಲಿ: ನಂಗೆ ಬರಲ್ಲ ಕಣೋ. ನೀನಾದ್ರೂ ಒಮ್ಮೆ ತಳ್ಳಿ ತೋರ್ಸು.

ಕೊಸಿಮಣ್ಣ ಉಳಿದ ತುಂಡನ್ನು ನೋಡಿದರು. ಅವರ ಕೈಯೂ ಏಳಲಿಲ್ಲ.

ಹೈದರಲಿ: ಎಲ್ಲರೂ ನನ್ನನ್ನೇ ಕೇಳಿದ್ರಿ. ನಾನು ಇವಳನ್ನ ಕೇಳೇ ಇಲ್ಲ. ಮುಹಯ್ಯೊ, ನೀನು ಹೇಳಮ್ಮ. ನಿಂಗೆ ಬೇಡ ಅಂದ್ರೆ, ಕೈ ಕತ್ತರಿಸಿ ಹೋದ್ರೂ ಸರಿ, ತಳ್ತೀನಿ.

ಮುಹಯ್ಯೊ ಮಂಚದ ಹತ್ತಿರ ಬಂದು ಮಂಡಿಯೂರಿ, ಹೊಸ ಬಟ್ಟಲು ತೆಗೆದು, ಎಡಗೈಯನ್ನು ಎದೆಗಿಟ್ಟುಕೊಂಡು ಬಲಗೈಯಿಂದ ಕೊಸಿಮಣ್ಣನಿಗೆ ಚಹಾ ಕೊಟ್ಟಳು. ಎಲ್ಲರೂ ಬಗ್ಗಿ ಬಟ್ಟಲೊಳಗೆ ನೋಡಿದೆವು. ತಳ ಮುಚ್ಚಿತ್ತೋ ಇಲ್ಲವೋ, ಅಷ್ಟೇ ಚಹಾ.

ಕೊಸಿಮಣ್ಣ ಒಂದೇ ಗುಟುಕಿಗೆ ಕುಡಿದು ಬಟ್ಟಲು ಚಾಚಿದರು. ಅವಳು ಮತ್ತೆ ಗುಟುಕಿನಷ್ಟೇ ಹಾಕಿದಳು. ಮತ್ತೆ ಚಾಚಿದರು, ಮತ್ತೆ ಹಾಕಿದಳು. ಆ ಮುದುಕನ ಕಣ್ಣು ತುಂಬಿತ್ತು. ಸಬೊಹತ್ ಸಂಜೆಯಿಂದ ಕೈಯಲ್ಲಿ ಹಿಡಿದಿದ್ದ ಕರವಸ್ತ್ರ ಕೊನೆಗೂ ಒದ್ದೆಯಾಯಿತು.

ಸಬೊಹತ್: ಆ ನಿರ್ದೇಶಕನನ್ನ ಮನಸ್ಸಲ್ಲೇ ಬೈದಿದ್ದೆ. ಪಾಪ, ಪುಸ್ತಕ ಬರೆದೋನಿಗಿಂತ ಒಳ್ಳೇ ಮನುಷ್ಯ.

ಕೊಸಿಮಣ್ಣನಿಗೆ ಆಗ ನಾಲಿಗೆ ತುರಿಸಿತು.

ಕೊಸಿಮ್: ಎಲ್ಲ ಸರಿ ಹೈದರಲಿ. ಮದುವೆ ಪಲಾವ್ ನೀನೇ ಮಾಡ್ತೀಯಾ? ಯಾಕಂದ್ರೆ, ನಮ್ಮ ಕಡೆ ನೆಂಟರಿಗೆ ಹಲ್ಲು ಇನ್ನೂ ಗಟ್ಟಿಯಾಗಿವೆ.

ಹೈದರಲಿಯಣ್ಣ ಬಾಯಲ್ಲಿದ್ದ ರೊಟ್ಟಿಯನ್ನು ನಿಧಾನವಾಗಿ ನುಂಗಿದರು. ಗಡ್ಡದ ಮೇಲಿನ ಚೂರು ಒರೆಸಿಕೊಂಡರು. ಮಗಳ ಕಡೆ ತಿರುಗಿ, ಬಹಳ ಪ್ರೀತಿಯಿಂದ ಹೇಳಿದರು.

ಹೈದರಲಿ: ಮುಹಯ್ಯೊ, ಬೀಗರ ಬಟ್ಟಲು ತುಂಬಿಸಮ್ಮ.