ಭಾನುವಾರದ ಸುತ್ತಿಗೆ

ಶನಿವಾರ ಮಧ್ಯಾಹ್ನ ಪಾರ್ಸೆಲಿನವನು ಬಂದು ಕರೆಗಂಟೆ ಒತ್ತಿದಾಗ ಗೆರ್ನೋಟ್ ಹೈನ್ಲೆ ನೆಲಮಾಳಿಗೆಯ ಮೆಟ್ಟಿಲು ಗುಡಿಸುತ್ತಿದ್ದ. ಎಲ್ಲ ಅನಾಹುತಕ್ಕೂ ಅದೇ ಮೂಲ.

ಸ್ಟುಟ್‌ಗಾರ್ಟಿನ ಆಸುಪಾಸಿನ ಊರುಗಳಲ್ಲಿ ಗುಡಿಸುವುದೆಂದರೆ ಹುಡುಗಾಟವಲ್ಲ. ಕಟ್ಟಡದ ಮೂರು ಮನೆಯವರಿಗೂ ವಾರಕ್ಕೊಬ್ಬರಂತೆ ಸರದಿ. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಮರದ ಹಲಗೆ ನೇತುಬೀಳುತ್ತದೆ. ಅದು ನೇತಾಡುವಷ್ಟು ದಿನ ಮೆಟ್ಟಿಲು, ನೆಲಮಾಳಿಗೆ, ಮುಂದಿನ ಕಾಲುದಾರಿ ಎಲ್ಲ ಅವರ ಹೊಣೆ. ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟವನನ್ನು ಆ ಊರು ಕ್ಷಮಿಸೀತು. ಮೆಟ್ಟಿಲು ಗುಡಿಸದೆ ಊರು ಬಿಟ್ಟವನನ್ನು ಮೂರು ತಲೆಮಾರು ಆಡಿಕೊಳ್ಳುತ್ತದೆ. ಆ ವಾರದ ಸರದಿ ಗೆರ್ನೋಟನದಾಗಿತ್ತು. ಶ್ರದ್ಧೆಯಿಂದ ಗುಡಿಸಿ ಮುಗಿಸಿದ. ಕರೆಗಂಟೆ ಅವನಿಗೆ ಕೇಳಿಸಲೇ ಇಲ್ಲ. ಪಾರ್ಸೆಲನ್ನು ಮೊದಲ ಮಹಡಿಯ ಮೌಲೆ ತೆಗೆದುಕೊಂಡು, ಟೀವಿಯಲ್ಲಿ ಫುಟ್‌ಬಾಲ್ ಮುಗಿದ ಮೇಲೆ, ಕತ್ತಲಾಗುವ ಹೊತ್ತಿಗೆ ತಂದುಕೊಟ್ಟ.

ಪಾರ್ಸೆಲಿನಲ್ಲಿ ಇದ್ದದ್ದು ಎರಡು ಶಾಕ್ ಅಬ್ಸಾರ್ಬರ್.

ಗೆರ್ನೋಟನ ವ್ಯಾನು ಹದಿನೆಂಟು ವರ್ಷ ಬೇಕರಿಯೊಂದಕ್ಕೆ ಬ್ರೆಡ್ಡು ಹೊತ್ತು ಮುದಿಯಾದದ್ದು. ಅದನ್ನು ಕೊಂಡು, ಎರಡು ವರ್ಷ ಬೆವರು ಸುರಿಸಿ, ಒಳಗೆ ಮಂಚ, ಕಪಾಟು, ಒಲೆ, ಅಡಿಯಲ್ಲಿ ನೀರಿನ ಟ್ಯಾಂಕು ಎಲ್ಲ ಕೂರಿಸಿ ಮನೆ ಮಾಡಿದ್ದ. ಒಂದೇ ಕೊರತೆ. ಒಂದು ಉಬ್ಬು ಹತ್ತಿಳಿದರೆ ಮುಂದಿನ ಉಬ್ಬು ಸಿಗುವವರೆಗೂ ವ್ಯಾನು ಕುಣಿಯುತ್ತಿತ್ತು. ಹೆಂಡತಿ ರೋಸ್ವಿತಾಳ ಸೊಂಟ ಎರಡು ಸಲ ಹಿಡಿದುಕೊಂಡಿತ್ತು.

ಸೋಮವಾರ ಬೆಳಗ್ಗೆ ಇಬ್ಬರೂ ಉತ್ತರದ ಕಡಲತೀರಕ್ಕೆ ಹದಿನೈದು ದಿನ ಹೊರಡಬೇಕು. ಮದುವೆಯಾಗಿ ಇಪ್ಪತ್ತೈದು ವರ್ಷ. ರೋಸ್ವಿತಾ ಶನಿವಾರ ರಾತ್ರಿಯೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

"ನೋಡು ಗೆರ್ನೋಟ್, ಈ ಕುಲುಕಾಟ ನಿಲ್ಲದಿದ್ರೆ ನಾನು ಈ ಡಬ್ಬ ಹತ್ತಲ್ಲ. ಹೆಡ್ವಿಗ್ ಜೊತೆ ರೈಲಲ್ಲಿ ಹೋಗ್ತೀನಿ. ಅವಳು ಆಗ್ಲೇ ಚೀಲ ಕಟ್ಟಿದಾಳೆ."

ಹೆಡ್ವಿಗ್ ಅವಳ ಅಕ್ಕ. ಗೆರ್ನೋಟನನ್ನು ಕಂಡರೆ ಇಪ್ಪತ್ತೈದು ವರ್ಷದಿಂದ ಅಷ್ಟಕ್ಕಷ್ಟೆ.

"ನಾಳೆ ಸಂಜೆ ಒಳಗೆ ಬೆಣ್ಣೆ ಥರ ಓಡುತ್ತೆ ನೋಡ್ತಿರು," ಎಂದ ಗೆರ್ನೋಟ್. ಹೇಳಿದ ಮೇಲೆ ನೆನಪಾಯಿತು, ನಾಳೆ ಭಾನುವಾರ.

ಭಾನುವಾರ ಆ ಊರಿನಲ್ಲಿ ಮೊಳೆ ಹೊಡೆಯುವಂತಿಲ್ಲ, ಗರಗಸ ಎಳೆಯುವಂತಿಲ್ಲ, ಹುಲ್ಲು ಕತ್ತರಿಸುವಂತಿಲ್ಲ. ಗಂಡಹೆಂಡಿರು ಜಗಳವಾಡುವುದಾದರೂ ಕಿಟಕಿ ಮುಚ್ಚಿಕೊಂಡೇ ಆಡಬೇಕು. ಗ್ಯಾರೇಜುಗಳೆಲ್ಲ ಬಂದ್. ಆದರೂ ಬೆಳಗ್ಗೆ ಒಂಬತ್ತಕ್ಕೆ, ರೋಸ್ವಿತಾ ಅಕ್ಕನ ಮನೆಗೆ ಊಟಕ್ಕೆ ಹೊರಟದ್ದೇ ತಡ, ಗೆರ್ನೋಟ್ ಕಳ್ಳನಂತೆ ವ್ಯಾನಿನ ಕೆಳಗೆ ತೂರಿದ.

ಕೆಳಗಿನ ಬೋಲ್ಟುಗಳು ಸುಲಭವಾಗಿ ಬಂದವು. ಆಮೇಲೆ ಮೇಲಿನ ಬೋಲ್ಟುಗಳನ್ನು ಹುಡುಕಿದ. ಎಡಗಡೆಯದು ಒಂದು ಸಂದಿಯಲ್ಲಿ ತುಕ್ಕು ಹಿಡಿದು ಕೂತಿತ್ತು. ಬಲಗಡೆಯದು ಕಾಣಿಸಲೇ ಇಲ್ಲ. ಅದರ ಮುಂದೆ ನೀರಿನ ಟ್ಯಾಂಕು ಆನೆಯಂತೆ ಅಡ್ಡ ನಿಂತಿತ್ತು. ಯಾವ ಮೂರ್ಖ ಇದನ್ನು ಇಲ್ಲಿ ಕೂರಿಸಿದ ಎಂದು ಬೈಯಲು ಬಾಯಿ ತೆರೆದವನು, ಕೂರಿಸಿದ್ದು ತಾನೇ ಎಂದು ನೆನಪಾಗಿ ಮುಚ್ಚಿಕೊಂಡ.

ಎಡಗಡೆಯದಕ್ಕೆ ಎಣ್ಣೆ ಬಿಟ್ಟ, ಬೇಡಿಕೊಂಡ, ಜಗ್ಗಿದ. ಅಲುಗಲಿಲ್ಲ. ಸುತ್ತಿಗೆ ಏಟು ಬೀಳದೆ ಅದು ಬಗ್ಗುವ ಜಾತಿಯಲ್ಲ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಒಂಬತ್ತೂವರೆಗೆ ಚರ್ಚಿನ ಗಂಟೆ ಹತ್ತು ನಿಮಿಷ ಬಾರಿಸುತ್ತದೆ. ಊರನ್ನೇ ನಡುಗಿಸುವ ಆ ಸದ್ದಿನಲ್ಲಿ ಒಂದು ಸುತ್ತಿಗೆಯ ಸದ್ದು ಯಾರಿಗೆ ಕೇಳೀತು?

ಗಂಟೆ ಶುರುವಾಯಿತು. ಢಣ್ ಎಂದರೆ ಠಣ್, ಢಣ್ ಎಂದರೆ ಠಣ್. ತುಕ್ಕು ಉದುರಿ ಮುಖದ ಮೇಲೆ ಬಿತ್ತು. ಬೋಲ್ಟು ಮಿಸುಕಿತು! ಖುಷಿಯಲ್ಲಿ ಗೆರ್ನೋಟ್ ಕಣ್ಣು ಮುಚ್ಚಿ, ಮೈಯೆಲ್ಲ ಶಕ್ತಿ ಹಾಕಿ, ಕೊನೆಯ ಏಟು ಬಿಗಿದ. ಅಷ್ಟರಲ್ಲಿ ಗಂಟೆ ನಿಂತಿತ್ತು.

ಠಣ್!

ನಿಶ್ಶಬ್ದವಾದ ಬೀದಿಯ ಈ ತುದಿಯಿಂದ ಆ ತುದಿಗೆ ಅದು ಹೋಗಿ ವಾಪಸು ಬಂತು. ಜೊತೆಗೆ "ಅಯ್ಯೋ ನನ್ನ ಹೆಬ್ಬೆರಳು!" ಎಂಬ ಕೂಗೂ ಬಂತು.

ಎರಡು ನಿಮಿಷದಲ್ಲಿ ವ್ಯಾನಿನ ಪಕ್ಕ ಎರಡು ಉಣ್ಣೆಯ ಚಪ್ಪಲಿಗಳು ಪ್ರತ್ಯಕ್ಷವಾದವು. ನೆಲಮಹಡಿಯ ರಾಪಮ್ಮ! ಮಂಡಿನೋವೆಂದು ಚರ್ಚಿಗೆ ಹೋಗದೆ ಉಳಿದಿದ್ದ ವಿಧವೆ.

"ಹೈನ್ಲೆಯವರೇ, ಏನದು ಸದ್ದು?"

"ಚರ್ಚಿನ ಗಂಟೆ ಇರಬೇಕಮ್ಮ."

"ಚರ್ಚಿನ ಗಂಟೆ ಹೆಬ್ಬೆರಳು ಅಂತ ಅಳಲ್ಲ. ಎದುರುಮನೆಯವನು ಹೋದ ವರ್ಷ ಭಾನುವಾರ ಕಸದ ತೊಟ್ಟಿಗೆ ಖಾಲಿ ಬಾಟಲಿ ಎಸೆದು ಸದ್ದು ಮಾಡಿದ, ನೆನಪಿದ್ಯಾ?"

"ಏನಾಯ್ತು ಅವನಿಗೆ?"

"ಅವನೀಗ ಬೇರೆ ಊರಲ್ಲಿದಾನೆ."

ಗೆರ್ನೋಟ್ ವ್ಯಾನಿನ ಕೆಳಗಿಂದ ತಲೆ ಹೊರಹಾಕಿದ. "ದಮ್ಮಯ್ಯ, ಮನೆ ಮಾಲೀಕರಿಗೆ ಹೇಳಬೇಡಿ. ನಾಳೆ ಹೊರಡಬೇಕು. ಇಲ್ಲದಿದ್ರೆ ರೋಸ್ವಿತಾ ನನ್ನನ್ನ ಬಿಟ್ಟು ಹೋಗ್ತಾಳೆ."

"ಪಾಪ," ಎಂದಳು ರಾಪಮ್ಮ, ಮಂಡಿ ಉಜ್ಜಿಕೊಳ್ಳುತ್ತ. "ನನಗೂ ಬಗ್ಗೋಕಾಗಲ್ಲ ನೋಡಿ. ನನ್ನ ಗುಡಿಸೋ ಸರದಿ ನೀವು ಮಾಡಿಕೊಟ್ರೆ, ಈ ಕಿವಿಗೆ ಏನೂ ಕೇಳಿಸಿಲ್ಲ."

"ಮಾಡ್ತೀನಮ್ಮ, ಖಂಡಿತ ಮಾಡ್ತೀನಿ!" ಆ ಗಳಿಗೆಯಲ್ಲಿ ಚರ್ಚಿನ ಗೋಪುರ ಗುಡಿಸು ಎಂದಿದ್ದರೂ ಒಪ್ಪುತ್ತಿದ್ದ. ಚಪ್ಪಲಿಗಳು ಮಾಯವಾದವು.

ಹನ್ನೆರಡರ ಗಂಟೆ ಬಾರಿಸುವ ಹೊತ್ತಿಗೆ ಎಡಗಡೆಯ ಹೊಸ ಅಬ್ಸಾರ್ಬರ್ ಕೂತಿತ್ತು. ಬಲಗಡೆಯದಕ್ಕೆ ಕೆಳಗಿನಿಂದ ದಾರಿಯಿಲ್ಲ. ಮೇಲಿನಿಂದ ಹೋಗಬೇಕು, ಅಂದರೆ ತನ್ನ ಕೈಯಾರೆ ಅಂಟು ಹಾಕಿ ಕೂರಿಸಿದ ಮಂಚದ ಮೂಲಕ. ಹಾಸಿಗೆ ಎತ್ತಿ, ಅಡಿಯ ಪ್ಲೈವುಡ್ಡಿಗೆ ಕೈಗರಗಸ ಇಟ್ಟು, ಕಂಬಳಿ ಹೊದ್ದು, ಸೌತೆಕಾಯಿ ಹೆಚ್ಚುವಷ್ಟು ಮೆಲ್ಲಗೆ ಕೊಯ್ದ. ಎರಡು ಗಂಟೆ ಹಿಡಿಯಿತು. ತೂತಿನಲ್ಲಿ ತೋಳು ಇಳಿಬಿಟ್ಟ. ಬೋಲ್ಟು ಸಿಕ್ಕಿತು! ಹಳೆಯದು ಕಳಚಿತು, ಹೊಸದು ಕೂತಿತು, ನಟ್ಟು ಬಿಗಿಯಾಯಿತು. ಜಯಭೇರಿ ಹೊಡೆಯಬೇಕೆನ್ನಿಸಿತು, ಭಾನುವಾರವೆಂದು ಸುಮ್ಮನಾದ.

ತೋಳು ಎಳೆದ. ಬರಲಿಲ್ಲ. ಮೊಣಕೈ ಅಡ್ಡ ಸಿಕ್ಕಿಕೊಂಡಿತ್ತು.

ಗರಬಡಿದವನಂತೆ ಕಾಲು ಗಂಟೆ ಬೋರಲು ಬಿದ್ದಿದ್ದ. ಆಮೇಲೆ ಪಿಸುದನಿಯಲ್ಲಿ "ಕಾಪಾಡಿ" ಎಂದು ಕೂಗತೊಡಗಿದ. ಬಾಗಿಲಲ್ಲಿ ಮೌಲೆ ಇಣುಕಿದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಕೇಳದಿದ್ದರೂ ಸಲಹೆ ಕೊಡುವವನು.

"ಛೆ ಛೆ, ತಪ್ಪು ವಿಧಾನ. ಟ್ಯಾಂಕು ಬಿಚ್ಚಬೇಕಿತ್ತು. ನಾಲ್ಕೇ ಸ್ಕ್ರೂ."

"ನಾಲ್ಕೇ?" ಗೆರ್ನೋಟನಿಗೆ ಅಳು ಬಂತು. "ಮೊದಲು ಕೈ ಬಿಡಿಸಿ ಮಾರಾಯರೇ!"

"ಮಿಷನ್ ಗರಗಸ ಇದೆ. ಒಂದೇ ನಿಮಿಷ. ಹೋಗಿ ತರ್ತೀನಿ." ಎರಡು ಹೆಜ್ಜೆ ಇಟ್ಟವನು ತಟ್ಟನೆ ನಿಂತ. "ಆದ್ರೆ ಇವತ್ತು ಭಾನುವಾರ."

"ಹಾಗಾದ್ರೆ?"

"ನಾಳೆ ಬೆಳಗ್ಗೆ ಏಳಕ್ಕೆ ಬರ್ತೀನಿ. ತಿಂಡಿಗೇನು ತರಲಿ?"

ಮೌಲೆ ತಮಾಷೆ ಮಾಡುತ್ತಿರಲಿಲ್ಲ. ಕೊನೆಗೆ ಅವನಿಗೇ ಕನಿಕರ ಬಂದು ಮನೆಯಿಂದ ಅರ್ಧ ಕಿಲೋ ಬೆಣ್ಣೆ ತಂದ. ಸವರಲು ಕೂತವನು ಡಬ್ಬಿ ಹಿಡಿದುಕೊಂಡೇ ಕೇಳಿದ, "ರಾಪಮ್ಮ ಹೇಳಿದ್ರು, ನೀವು ಅವರ ಸರದಿ ಗುಡಿಸ್ತೀರಂತೆ?"

"ಹೌದು."

"ನನಗೇನು ಬೆನ್ನುನೋವು ಇಲ್ವಾ?"

"ನಿಮ್ಮದೂ ಗುಡಿಸ್ತೀನಿ! ಸವರಿ!"

ತೋಳು ಜಾರಿ ಹೊರಬಂತು, ಬೆಣ್ಣೆಯ ಘಮದೊಂದಿಗೆ.

ಸಂಜೆ ನಾಲ್ಕಕ್ಕೆ ರೋಸ್ವಿತಾ ಬಂದಳು, ಜೊತೆಗೆ ಕೇಕಿನ ಡಬ್ಬ ಹಿಡಿದ ಹೆಡ್ವಿಗ್. ಗೆರ್ನೋಟ್ ಇಬ್ಬರನ್ನೂ ಕೂರಿಸಿಕೊಂಡು ಕಲ್ಲುಹಾಸಿನ ಬೀದಿಯಲ್ಲಿ, ರೈಲುಹಳಿ ದಾಟಿಸಿ ಓಡಿಸಿದ. ರೋಸ್ವಿತಾಳ ಕೈಯಲ್ಲಿದ್ದ ಕಾಫಿ ಒಂದು ತೊಟ್ಟೂ ತುಳುಕಲಿಲ್ಲ. ಅವಳು ದಂಗಾದಳು. ಹೆಡ್ವಿಗ್ ಅಂತೂ ಆರಾಮಾಗಿ ಕೇಕು ತಿಂದಳು.

"ನಿಜವಾಗ್ಲೂ ಬೆಣ್ಣೆ ಥರ ಇದೆ ಕಣೋ!" ಎಂದು ರೋಸ್ವಿತಾ ಅವನ ತೋಳು ಹಿಡಿದಳು. ಆಮೇಲೆ ತೋಳು ಮೂಸಿ ನೋಡಿದಳು. ಇಷ್ಟು ವರ್ಷದಲ್ಲಿ ಗೆರ್ನೋಟ್ ಅಷ್ಟು ಸುಖವಾಗಿ ಎಂದೂ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಬಾಗಿಲ ಬಳಿ ಮೂವರೂ ನಿಂತರು. ಶನಿವಾರವೇ ಗೆರ್ನೋಟ್ ತೆಗೆದು ರಾಪಮ್ಮನ ಬಾಗಿಲಿಗೆ ತೂಗುಹಾಕಿ ಬಂದಿದ್ದ ಹಲಗೆ ಮತ್ತೆ ಅವರ ಬಾಗಿಲಲ್ಲೇ ನೇತಾಡುತ್ತಿತ್ತು. ಅದಕ್ಕೆ ಎರಡು ಚೀಟಿ. "ನಾಳೆಯಿಂದ ಒಂದು ವಾರ, ನನ್ನ ಬದಲು. ವಂದನೆಗಳು, ರಾಪ್." "ಅದರ ಮುಂದಿನ ವಾರ, ನನ್ನ ಬದಲು. ಮೌಲೆ."

ಗೆರ್ನೋಟ್ ಚೀಟಿಗಳನ್ನು ಎರಡೆರಡು ಸಲ ಓದಿದ. ಸರದಿ ಎಂದರೆ ಯಾವ ವಾರ ಎಂದು ಅವನು ಕೇಳಿಯೇ ಇರಲಿಲ್ಲ.

"ಮಾತು ಕೊಟ್ಟಿದೀಯಾ?" ಎಂದಳು ರೋಸ್ವಿತಾ.

"ಕೊಟ್ಟೆ."

ಮಾತು ಕೊಟ್ಟು ಎರಡು ವಾರ ಕಾಲುದಾರಿ ಗುಡಿಸದೆ ಊರು ಬಿಡುವುದು ಅವಳಿಗೂ ಊಹಿಸಲಾಗದ ಸಂಗತಿ. ಕೊನೆಗೆ ಹೆಡ್ವಿಗ್ ತುಟಿಯ ಮೇಲಿನ ಕೆನೆ ಒರೆಸಿಕೊಂಡಳು.

"ನನ್ನ ಚೀಲ ಹೇಗೂ ಕಟ್ಟಿದೆ. ಇನ್ನು ರೈಲು ಯಾಕೆ? ಗಾಡಿ ಇಷ್ಟು ಚೆನ್ನಾಗಿದೆ, ನಾನೇ ಓಡಿಸ್ತೀನಿ."

ಸೋಮವಾರ ಬೆಳಗ್ಗೆ ಎಂಟಕ್ಕೆ ವ್ಯಾನು ಹೊರಟಿತು. ತಿರುವಿನ ಉಬ್ಬನ್ನು ಹತ್ತಿ, ಒಂದಿಷ್ಟೂ ಕುಲುಕದೆ ಇಳಿದು ಮರೆಯಾಯಿತು. ಪೊರಕೆ ಹಿಡಿದು ನೋಡುತ್ತ ನಿಂತ ಗೆರ್ನೋಟನ ಬೆನ್ನ ಹಿಂದೆ ಕಿಟಕಿ ತೆರೆದುಕೊಂಡಿತು.

"ಹೈನ್ಲೆಯವರೇ," ಎಂದಳು ರಾಪಮ್ಮ, "ಗಾಡಿ ನಿಂತಿದ್ದ ಜಾಗದಲ್ಲಿ ಯಾರೋ ರಾಶಿ ತುಕ್ಕು ಉದುರಿಸಿದಾರೆ ನೋಡಿ. ಅಲ್ಲಿಂದ ಶುರು ಮಾಡಿ."